ಮುರುಗೆವ್ವನ ಫೋನಿನ ಮೂರನೇ ಕೀಲಿಕೈ

ಗಿರಾಕಿಯನ್ನು ನಾನು ಅಳೆಯುವುದು ಮುಖ ನೋಡಿ ಅಲ್ಲ, ಬೀಗ, ನಮ್ಮ ಮಾತಿನಲ್ಲಿ ಕೀಲಿ, ಕೊಳ್ಳುವ ರೀತಿ ನೋಡಿ. ಕೆಲವರು ಬೆಲೆ ಕೇಳುತ್ತಾರೆ, ಕೆಲವರು ಕೈಯಲ್ಲಿ ತೂಗುತ್ತಾರೆ, ಹೊಸದಾಗಿ ಮದುವೆಯಾದವರು ಬಣ್ಣ ನೋಡುತ್ತಾರೆ. ಮುರುಗೆವ್ವ ನನ್ನ ಅಂಗಡಿಗೆ ಮೊದಲ ಸಲ ಬಂದಾಗ ಕೀಲಿಯನ್ನು ಜಗ್ಗಿ ನೋಡಿದಳು, ಕಿವಿಯ ಹತ್ತಿರ ಹಿಡಿದು ಅಲುಗಾಡಿಸಿದಳು, ಎರಡೂ ಕೀಲಿಕೈಗಳನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಳು. ಆಮೇಲೆ ಕೇಳಿದಳು:

"ಮೂರನೇದು ಎಲ್ಲೈತ್ರಿ ಸಾವ್ಕಾರ್ರ?"

"ಕಂಪನಿಯವ್ರು ಎರಡ ಕೊಡ್ತಾರ, ಅಕ್ಕಾರ."

"ಕಂಪನಿದು ಕೇಳಲಿಲ್ಲ. ನಿಮ್ಮ ಗಲ್ಲೇದಾಗ ಇಟ್ಕೊಂಡಿದ್ದು ಕೇಳಾಕತ್ತೇನಿ."

ಗೋವಾದ ವಾಸ್ಕೋ ಪೇಟೆಯ ಮೇಲಿನ ಗುಡ್ಡ, ಮಂಗೋರ್ ಹಿಲ್‌ನಲ್ಲಿ ಇಷ್ಟು ವರ್ಷ ಕೀಲಿ, ಚಿಲಕ, ಮೊಳೆ, ಬಣ್ಣ ಮಾರಿದ್ದೇನೆ. ಪೊಲೀಸರೂ ನನಗೆ ಆ ಪ್ರಶ್ನೆ ಕೇಳಿರಲಿಲ್ಲ. ಆವತ್ತೇ ಲೆಕ್ಕ ಹಾಕಿದೆ: ಮಾಲು ಗಟ್ಟಿ, ಮೆರುಗು ಇಲ್ಲ, ಚೌಕಾಸಿ ನಡೆಯುವುದಿಲ್ಲ, ಒಮ್ಮೆ ಮನೆಗೆ ಬಂದರೆ ತುಕ್ಕು ಹಿಡಿಯುವುದೂ ಇಲ್ಲ.

ಬಂದರಿನ ಕೆಲಸಕ್ಕೆ ಬಂದ ಗಂಡನ ಬೆನ್ನು ಹಿಡಿದು ವಿಜಯಪುರದ ಕಡೆಯಿಂದ ಬಂದವಳು ಆಕೆ. ಗಂಡ ತೀರಿಕೊಂಡ, ಈಕೆ ಇಲ್ಲಿಯೇ ನಿಂತಳು. ಬೆಳಿಗ್ಗೆಯಿಂದ ಜೋಳದ ರೊಟ್ಟಿ ಬಡಿಯುತ್ತಾಳೆ. ಆ ರೊಟ್ಟಿ ಗುಡ್ಡದ ತುಂಬ ಹೋಗುತ್ತದೆ, ರೊಟ್ಟಿ ಹೋದ ಮನೆಯ ಸುದ್ದಿ ಈಕೆಗೆ ಬರುತ್ತದೆ. ಯಾವ ಮನೆಯಲ್ಲಿ ಹುಡುಗಿ ಓದು ಮುಗಿಸಿದಳು, ಯಾವ ಹುಡುಗ ಕುಡಿಯುವುದಿಲ್ಲ, ಯಾವ ಹುಡುಗ ಕುಡಿಯುವುದಿಲ್ಲವೆಂದು ಬರೀ ಹೇಳುತ್ತಾನೆ, ಎಲ್ಲ ಗೊತ್ತು. ಹೀಗಾಗಿ ಗೋವಾದ ನಮ್ಮ ಜನರ ನಡುವೆ ಸಂಬಂಧ ಕೂಡಿಸುವ ಕೆಲಸ ತಾನಾಗಿ ಆಕೆಯ ಕೈಗೆ ಬಂತು. ಗಾರೆ ಕೆಲಸದವರೂ ಆಕೆಯ ಹತ್ತಿರವೇ, ನಮ್ಮಂಥ ಬೆಳಗಾವಿ, ಧಾರವಾಡದ ಅಂಗಡಿಕಾರರೂ ಆಕೆಯ ಹತ್ತಿರವೇ. ಅರ್ಧ ಗುಡ್ಡದ ಹೆಣ್ಣುಮಕ್ಕಳ ಫೋಟೋ ಆಕೆಯ ಫೋನಿನಲ್ಲಿದ್ದವು. ಅದರಲ್ಲಿ ನನ್ನ ಮಗಳು ಗೀತಾಂಜಲಿಯದೂ ಒಂದು. ಒಂದು ಅಂದೆನೇ? ಐದು.

ಆಕೆಗೆ ಮುರುಗೆವ್ವ ತಂದದ್ದು ಪಣಜಿಯಾಚೆಯ ಪರ್ವರಿಯಲ್ಲಿ ಟೈಲ್ಸ್ ಅಂಗಡಿ ಇಟ್ಟ ಧಾರವಾಡದ ಮನೆತನದ ಸಂಬಂಧ. ಹುಡುಗ ಶ್ರೀಶೈಲ, ಒಬ್ಬನೇ ಮಗ. ಅವರು ಬಂದು, ಅವಲಕ್ಕಿ ತಿಂದು, ನನ್ನ ಮಗಳನ್ನು ನೋಡಿ, "ಮುರುಗೆವ್ವನ ಕೈಲೆ ಹೇಳಿ ಕಳಸ್ತೀವಿ" ಎಂದು ಹೋಗಿದ್ದರು. ನಮ್ಮಲ್ಲಿ ಹೆಣ್ಣಿನ ಕಡೆಯವರು ಬಾಯಿ ಬಿಟ್ಟು "ಏನಾಯಿತು?" ಎಂದು ಕೇಳುವ ಹಾಗಿಲ್ಲ. ನಡುವಿನವರು ತಂದ ಮಾತೇ ಮಾತು. ಕೇಳಿದರೆ ಮಾಲು ಮಾರಾಟವಾಗದೆ ಕೂತಿದೆ ಎಂದು ತಿಳಿಯುತ್ತಾರೆ. ವ್ಯಾಪಾರಿ ನಾನು, ಅಷ್ಟು ತಿಳಿಯದೇ? ಬಾಯಿ ಮುಚ್ಚಿಕೊಂಡು ಕಾದೆ.

ಮಾತು ಬಂತು. ಆದರೆ ಫೋನಿಗೆ ಬಂತು.

ಹುಡುಗನ ತಾಯಿ ಮುರುಗೆವ್ವನಿಗೆ ವಾಟ್ಸಾಪಿನಲ್ಲಿ ತಮ್ಮ ದನಿಯಲ್ಲೇ ಉತ್ತರ ಕಳಿಸಿದ್ದರು. ಮುರುಗೆವ್ವನ ಕೈಯೆಲ್ಲ ಹಿಟ್ಟು. ಪರದೆಯ ಮೇಲೆ ಹೆಸರು ನೋಡಿದಳು, ರೊಟ್ಟಿ ಮುಗಿಸಿ ಕೇಳಿದರಾಯಿತು ಎಂದುಕೊಂಡಳು. ಅಷ್ಟರಲ್ಲಿ ಗುಡ್ಡದಲ್ಲಿ ಕರೆಂಟು ಹೋಯಿತು, ಫೋನಿನ ಚಾರ್ಜೂ ಹೋಯಿತು. ಕರೆಂಟು ಬಂದ ಮೇಲೆ ಫೋನು ಎದ್ದಿತು, ಆದರೆ ಬೇರೆಯೇ ಫೋನಿನಂತೆ ಎದ್ದಿತು.

"ಸಾವ್ಕಾರ್ರ, ಇದು ನನ್ನ ಗುರ್ತ ಹಿಡಿಯವಲ್ದು," ಎಂದು ಗಲ್ಲೆಯ ಮೇಲೆ ಫೋನಿಟ್ಟಳು.

"ಬಟ್ಟ ಇಟ್ಟು ನೋಡ್ರಿ," ಎಂದು ಹೆಬ್ಬೆರಳು ತೋರಿಸಿದೆ.

"ಬಟ್ಟ ಇಟ್ಟೆ, ತೊಳದ ಇಟ್ಟೆ, ಎಣ್ಣಿ ಹಚ್ಚಿ ಇಟ್ಟೆ. ನಂಬರ್ ಹಾಕು ಅಂತೈತಿ."

"ಹಾಕ್ರಿ ಮತ್ತ."

"ಹೋದ ಅಮಾಸಿಗೆ ಬದ್ಲಿ ಮಾಡೀನಿ."

"ಬದ್ಲಿ ಮಾಡಿದ್ದ ಹಾಕ್ರಿ."

"ಎರಡ ಸಲ ಬದ್ಲಿ ಮಾಡೀನಿ."

ಕತೆ ಹೀಗಿತ್ತು. ಯಾವುದೋ ಬ್ಯಾಂಕಿನವರು ಗುಡ್ಡದ ಹೆಂಗಸರನ್ನು ಕೂಡಿಸಿ ಬುದ್ಧಿ ಹೇಳಿದ್ದರು. ಗುಟ್ಟಿನ ನಂಬರನ್ನು ತಿಂಗಳಿಗೊಮ್ಮೆ ಬದಲಿಸಿರಿ, ಹುಟ್ಟಿದ ದಿನ ಇಡಬೇಡಿರಿ, ಎಲ್ಲಿಯೂ ಬರೆದಿಡಬೇಡಿರಿ, ಯಾರಿಗೂ ಹೇಳಬೇಡಿರಿ. ಉಳಿದವರು ಬಿಸ್ಕೀಟು ತಿಂದು ಮನೆಗೆ ಬಂದರು. ಮುರುಗೆವ್ವ ಒಬ್ಬಳೇ ಅದನ್ನು ವ್ರತದಂತೆ ಹಿಡಿದಳು. ಆಕೆಯ ತಿಂಗಳು ಮುಗಿಯುವುದು ಅಮಾವಾಸ್ಯೆಗೆ, ಹಾಗಾಗಿ ಪ್ರತಿ ಅಮಾವಾಸ್ಯೆಗೆ ಹೊಸ ನಂಬರು. ಹೋದ ಸಲ ಅಮಾವಾಸ್ಯೆ ಎರಡು ದಿನಕ್ಕೆ ಹಂಚಿಕೊಂಡು ಬಿದ್ದಿತ್ತು. ಗೋಡೆಯ ಕ್ಯಾಲೆಂಡರು ಇವತ್ತು ಎಂದಿತು, ಬದಲಿಸಿದಳು. ಸಂಜೆ ಗುಡಿಯ ಸ್ವಾಮಿಗಳು, ಸೂರ್ಯೋದಯಕ್ಕೆ ಇರುವುದೇ ಲೆಕ್ಕ, ನಾಳೆ ಅಮಾವಾಸ್ಯೆ ಎಂದರು. ಮರುದಿನ ಮತ್ತೆ ಬದಲಿಸಿದಳು. ಆಮೇಲೆ ಬೆರಳಿಟ್ಟರೆ ತೆರೆಯುತ್ತಿತ್ತು, ನಂಬರಿನ ಕೆಲಸವೇ ಬೀಳಲಿಲ್ಲ.

"ಮೊದಲನೇದು ನೆನಪೈತ್ರಿ. ಅದು ನಡಿಯೂದಿಲ್ಲ."

"ಎರಡನೇದು?"

"ರೊಟ್ಟಿ ಹಂಚಿನ ಮ್ಯಾಲಿತ್ತು. ಲಗೂನ ಯಾವುದೋ ಒಂದು ಹಾಕಿದೆ. ಇನ್ನೊಮ್ಮೆ ಹಾಕು ಅಂತು, ಇನ್ನೊಮ್ಮೆ ಹಾಕಿದೆ. ಆವಾಗ ನೆನಪಿತ್ತು."

ನನಗೆ ನಗಬೇಕೋ ಗಲ್ಲೆಗೆ ಹಣೆ ಜಜ್ಜಿಕೊಳ್ಳಬೇಕೋ ತಿಳಿಯಲಿಲ್ಲ. "ವಿಚಾರ ಮಾಡಿ ಹಾಕ್ರಿ, ನಾ ನೋಡ್ತೀನಿ," ಎಂದೆ. ಆಕೆ ತಟ್ಟನೆ ನನ್ನ ಕಡೆ ಬೆನ್ನು ತಿರುಗಿಸಿ ಒತ್ತತೊಡಗಿದಳು. ತಪ್ಪು ನಂಬರನ್ನೂ ನನಗೆ ತೋರಿಸಲಿಲ್ಲ!

ಫೋನಿಗೂ ಆಕೆಯದೇ ಗುಣ. ಕೆಲವು ಸಲ ತಪ್ಪಿದ ಮೇಲೆ ಅರ್ಧ ನಿಮಿಷ ನಿಲ್ಲು ಎಂದಿತು. ಆಮೇಲೆ ಇನ್ನೂ ಸ್ವಲ್ಪ ನಿಲ್ಲು ಎಂದಿತು. ಹೀಗೇ ಬೆಳೆಸುತ್ತ ಕೊನೆಗೆ ನಾಳೆ ಬಾ ಎನ್ನುವಷ್ಟಕ್ಕೆ ಬಂತು. ಪರ್ವರಿಯಲ್ಲಿ ಹುಡುಗನ ತಾಯಿಯ ಫೋನಿನಲ್ಲಿ ಮಾತು ಮುಟ್ಟಿತೆಂದು ಎರಡು ಟಿಕ್ ಬಿದ್ದಿರುತ್ತವೆ. ಇಲ್ಲಿಂದ ಉಸಿರಿಲ್ಲ. ಎಷ್ಟು ಸೊಕ್ಕು ಇವರಿಗೆ ಎಂದು ಅವರು ಎಣಿಸುತ್ತಿರುತ್ತಾರೆ. ನನ್ನ ಮಗಳ ಹೌದೋ ಅಲ್ಲವೋ ಅಂಗೈಯಗಲದ ಗಾಜಿನ ಹಿಂದೆ ಕೂತಿತ್ತು. ನೂರಾರು ಕೀಲಿ ಮಾರಿದವನಿಗೆ ಅದರ ಚಿಲಕ ಎಲ್ಲಿದೆ ಎಂದೂ ಗೊತ್ತಿಲ್ಲ.

ಮರುದಿನ ಆಕೆಯನ್ನು ಕರೆದುಕೊಂಡು ಗುಡ್ಡ ಇಳಿದು ವಾಸ್ಕೋ ಪೇಟೆಯ ಮಜರನ ಅಂಗಡಿಗೆ ಹೋದೆ. ಮಜರ ಹುಬ್ಬಳ್ಳಿಯವನು, ಫೋನು ರಿಪೇರಿ ಮಾಡುತ್ತಾನೆ. ಅಂಗಡಿ ಎಂದರೆ ಒಂದು ಮೇಜು, ಅದರ ಸುತ್ತ ಸದಾ ನಮ್ಮ ಗುಡ್ಡದವರೇ ನಾಲ್ಕಾರು ಮಂದಿ. ನಾವು ಹೋದಾಗ ಯಾರದೋ ಫೋನಿನ ಸ್ಪೀಕರು ಸರಿಮಾಡಿ ಪರೀಕ್ಷೆಗೆಂದು ಕೈಗೆ ಸಿಕ್ಕ ಮಾತೊಂದನ್ನು ಹಚ್ಚಿದ್ದ. ಒಬ್ಬ ಹೆಂಗಸಿನ ದನಿ ಅಂಗಡಿ ತುಂಬ ಮೊಳಗಿತು: "ಇವತ್ತೂ ಕುಡದು ಬಂದ್ರ ನಿನ್ನ ಹಾಸಿಗಿ ರೋಡಿನ್ಯಾಗ ಒಗಿತೇನಿ!" ಎಲ್ಲರೂ ನಕ್ಕರು. ಜೋರಾಗಿ ನಕ್ಕವನು ನಾನೇ. ಮುರುಗೆವ್ವ ನಗಲಿಲ್ಲ. ಸೆರಗಿನೊಳಗೆ ಕೈ ಹಾಕಿ ತನ್ನ ಫೋನು ಇದೆಯೋ ಇಲ್ಲವೋ ಮುಟ್ಟಿ ನೋಡಿಕೊಂಡಳು.

"ಮಜರಣ್ಣ, ಇದರ ಕೀಲಿ ಒಡಿ. ಆ ಮ್ಯಾಲೆ ಉಳಿದ ಮಾತು," ಎಂದೆ ನಾನು.

ಮಜರ ಫೋನನ್ನು ತಿರುಗಿಸಿ ನೋಡಿ ತಲೆಯಾಡಿಸಿದ. "ಸಾವ್ಕಾರ್ರ, ನಿಮ್ಮ ಕೀಲಿ ಬಾಗಲಕ್ಕ ಇರ್ತೈತಿ. ಒಡದ್ರ ಒಳಗಿನ ಸಾಮಾನು ಇದ್ದಂಗ ಸಿಗ್ತಾವ. ಇದರಾಗ ಹಂಗಲ್ರಿ. ಫೋಟೋ, ಮಾತು, ಎಲ್ಲಾ ಬೀಸಿ ಹಿಟ್ಟು ಮಾಡಿ ಇಟ್ಟಿರ್ತೈತಿ. ಸರಿ ನಂಬರ್ ಹಾಕಿದ್ರಷ್ಟ ಹಿಟ್ಟು ಹೊಳ್ಳಿ ಜ್ವಾಳ ಆಗ್ತೈತಿ. ಬಾಗಲಾ ಒಡದು ಹಿಟ್ಟು ತಗೊಂಡು ಏನ್ ಮಾಡ್ತೀರಿ?"

ಮುರುಗೆವ್ವನಿಗೆ ಅದು ನನಗಿಂತ ಮೊದಲು ತಿಳಿಯಿತು. ಜೋಳ, ಹಿಟ್ಟು ಆಕೆಯ ಲೋಕ.

"ದಿನಾ ಬಟ್ಟಿಗೆ ತೆಗೀತಿತ್ತಲ್ಲ?" ಎಂದು ನಾನು ಬಿಡಲಿಲ್ಲ.

"ಬಂದ್ ಆಗಿ ಚಾಲೂ ಆತಂದ್ರ ಮೊದಲ ನಂಬರ ಬೇಕ್ರಿ. ಮಲಗಿದವ್ರ ಬಟ್ಟ ಹಿಡದು ಒತ್ತಬಹುದು. ನಂಬರ್ ತಲ್ಯಾಗಿಂದ ತೆಗಿಬೇಕಲ್ಲ?"

"ಇವರ ತಲ್ಯಾಗಿಂದ ತೆಗಿ ಹಂಗಾರ."

"ಅದಕ್ಕ ನಮ್ಮ ಹತ್ರ ಸ್ಕ್ರೂಡ್ರೈವರ್ ಇಲ್ರಿ."

ಕೈಲಾದದ್ದು ಮಾಡಿದ. ಸಿಮ್ ತೆಗೆದು ಒಂದು ಹಳೆಯ ಫೋನಿಗೆ ಹಾಕಿ ವಾಟ್ಸಾಪು ಎಬ್ಬಿಸಿದ. ಮುರುಗೆವ್ವನ ಹೆಸರು ಬಂತು, ಗುಂಪುಗಳು ಬಂದವು. ಹಳೆಯ ಮಾತು ಒಂದೂ ಬರಲಿಲ್ಲ. ಒಮ್ಮೆ ಇಳಿದ ಮಾತು ಇಳಿದ ಫೋನಿನಲ್ಲೇ ಇರುತ್ತದಂತೆ. ಗೂಗಲ್ಲಿನಲ್ಲಿ ಇನ್ನೊಂದು ಪ್ರತಿ ಇಡುವ ಏರ್ಪಾಡು ಇರುತ್ತದೆ, ಇಟ್ಟಿದ್ದೀರಾ ಎಂದು ಮಜರ ಕೇಳಿದ.

"ಕೇಳಿತ್ತು. ಬ್ಯಾಡ ಅಂತ ಒತ್ತಿದೆ," ಎಂದಳು ಮುರುಗೆವ್ವ.

"ಫೋಟೋದ್ದು?"

"ಅದೂ ಬ್ಯಾಡ ಅಂದೆ. ಮಂದಿ ಹೆಣ್ಣಮಕ್ಕಳ ಫೋಟೋ ಕಂಡಿಲ್ಲದವ್ರ ಮನ್ಯಾಗ ಯಾಕ ಇಡ್ಲಿ?"

ಮೂರನೇ ಕೀಲಿಕೈ! ಅದನ್ನೂ ಹುಡುಕಿ ಹಿಡಿದು ಎಸೆದಿದ್ದಳು. ನನಗೆ ಮೈಯೆಲ್ಲ ಉರಿಯಿತು.

ನಾನು ಅಷ್ಟಕ್ಕೆ ಬಿಡುವವನಲ್ಲ. ಪೇಟೆಯಲ್ಲಿ ವಿಚಾರಿಸಿದಾಗ ಮಡಗಾಂವಿನ ಒಬ್ಬನ ಸುದ್ದಿ ಸಿಕ್ಕಿತು. ಎಂಥ ಫೋನನ್ನೂ ತೆರೆಯುತ್ತಾನಂತೆ, ಎರಡು ದಿನ ಫೋನು ಬಿಟ್ಟು ಹೋಗಬೇಕಂತೆ. ಮಾತಾಡಿದೆ. "ಛೋಡಕೆ ಜಾಯಿಯೆ ಸೇಠ್," ಬಿಟ್ಟು ಹೋಗಿರಿ, ಎಂದ. ಖುಷಿಯಿಂದ ಮುರುಗೆವ್ವನ ಮನೆಗೆ ಹೋದೆ. ಆಕೆ ರೊಟ್ಟಿ ಬಡಿಯುವುದನ್ನು ನಿಲ್ಲಿಸಲಿಲ್ಲ.

"ಮಜರ ಆಗೂದಿಲ್ಲ ಅಂದಿದ್ದು ಇವಗ ಹೆಂಗ ಆಗ್ತೈತ್ರಿ?"

"ಆಗ್ತೈತಿ ಅಂತಾನ, ನೋಡೂನಲ್ಲ?"

"ತೆಗಿಯಾಕ ಬರಲಾರದವ ಆದ್ರ ಸುಳ್ಳ. ತೆಗಿಯಾಕ ಬರ್ತಿದ್ರ ಇನ್ನೂ ಕೆಟ್ಟ. ಎರಡು ದಿನ ಬಿಟ್ಟು ಬರಾಕ ಇದೇನ್ ಹಿಟ್ಟಿನ ಗಿರಣಿ ಏನ್ರಿ?"

"ನನ್ನ ಮಗಳ ಮಾತು ಐತಿ ಅಕ್ಕಾರ ಅದರಾಗ!"

"ಅದಕ್ಕ ಕೊಡೂದಿಲ್ಲ ಅನ್ನಾಕತ್ತೇನಿ," ಎಂದು ರೊಟ್ಟಿ ಮಗುಚಿದಳು.

ಸಿಟ್ಟಿನಿಂದ ಮನೆಗೆ ಬಂದು ಊಟಕ್ಕೆ ಕೂತೆ. ಗೀತಾಂಜಲಿ ವಾಸ್ಕೋದಲ್ಲಿ ಔಷಧಿ ಅಂಗಡಿಯಲ್ಲಿ ಕೆಲಸ ಮಾಡುತ್ತಾಳೆ, ಮಾತು ಅಳೆದು ಆಡುವುದು ಅಲ್ಲಿಯ ರೂಢಿ ಇರಬೇಕು. ಎಲ್ಲ ಕೇಳಿ ಒಂದೇ ಪ್ರಶ್ನೆ ಹಾಕಿದಳು.

"ಅಪ್ಪಾ, ನನ್ನ ಫೋಟೋದ ಜೋಡಿ ಮುರುಗೆವ್ವಗ ಮತ್ತೇನೇನ್ ಕಳಿಸೀರಿ?"

"ಜಾತಕ... ಪಗಾರದ ಚೀಟಿ... ಆಧಾರ್."

"ಆಧಾರ್ ಯಾಕ?"

"ವಯಸ್ಸು ಖರೇ ಅಂತ ತಿಳೀಲಿ ಅಂತ."

"ಅದರಾಗ ನಮ್ಮ ಮನಿ ಅಡ್ರೆಸ್ಸೂ ಖರೇನ ಐತಿ," ಎಂದಳು. "ಅದನ್ನ ಮಡಗಾಂವದಾಗ ಬಿಟ್ಟ ಬರೂರ ನೀವು?"

ತಟ್ಟೆ ಸರಿಸಿ ಎದ್ದೆ. ಮಡಗಾಂವಿಗೆ ಫೋನು ಮಾಡಿ ಬರುವುದಿಲ್ಲ ಎಂದು ಹೇಳಿದೆ.

ಮುರುಗೆವ್ವ ಮುಂದೆ ಮಾಡಿದ್ದನ್ನು ನಾನಾಗಿದ್ದರೆ ಮಾಡುತ್ತಿರಲಿಲ್ಲ. ಮಜರನ ಅಂಗಡಿಗೆ ಹೋಗಿ, ಎದುರಿಗೆ ಕೂತು, ಫೋನನ್ನು ಪೂರ್ತಿ ಅಳಿಸಿಸಿದಳು. ಅಷ್ಟು ವರ್ಷ ಕೂಡಿಟ್ಟ ಫೋಟೋ, ಜಾತಕ, ಮಾತು ಎಲ್ಲ ಹೋದವು. ಪರದೆಯ ಮೇಲೆ ಹೊಸ ಫೋನಿನ ನಮಸ್ಕಾರ ಬಂತು. "ಹೋತಲ್ಲ, ಸಂಕಟ ಆಗವಲ್ದೇನು?" ಎಂದು ಕೇಳಿದೆ. "ಆಗ್ತೈತ್ರಿ. ಮತ್ತ ಮನಿ ಮನಿ ತಿರಗಬೇಕು," ಎಂದಷ್ಟೇ ಹೇಳಿ ಬಸ್‌ಸ್ಟ್ಯಾಂಡಿನ ಕಡೆ ನಡೆದಳು. ಇಂಥದ್ದನ್ನು ಫೋನಿನಲ್ಲಿ ಕೇಳಬಾರದೆಂದು ಪಣಜಿ ಬಸ್ಸು ಹಿಡಿದು, ಅಲ್ಲಿಂದ ಇನ್ನೊಂದು ಹಿಡಿದು, ಪರ್ವರಿಗೆ ಹೋಗುವವಳಿದ್ದಳು. "ನನ್ನ ಫೋನು ಸತ್ತಿತ್ತು, ನಿಮ್ಮ ಮಾತು ನಾ ಕೇಳಿಲ್ಲ, ಬಾಯಿಲೆ ಇನ್ನೊಮ್ಮೆ ಹೇಳ್ರಿ" ಎಂದು ಕೇಳುವುದಂತೆ. ನಡುವಿನವಳಿಗೆ ಅದಕ್ಕಿಂತ ಅವಮಾನದ ಮಾತು ಇನ್ನೊಂದಿಲ್ಲ. ನನ್ನ ಕಡೆಯಿಂದ ಯಾರೂ ಕೇಳಿದಂತಾಗಬಾರದೆಂದು ತಪ್ಪನ್ನು ತನ್ನ ತಲೆಯ ಮೇಲೆ ಹೊತ್ತುಕೊಂಡು ಹೊರಟಿದ್ದಳು.

ಮರುದಿನ ಮಧ್ಯಾಹ್ನ ಅಂಗಡಿಗೆ ಬಂದಳು. ಇಬ್ಬರು ಗಿರಾಕಿಗಳಿದ್ದರು. ಬಣ್ಣದ ಡಬ್ಬಿಯ ಮೇಲೆ ಕೂತು ಬಾಗಿಲ ಚಿಲಕದ ರೇಟು ಕೇಳುತ್ತ, ಹೆಚ್ಚಾಯಿತೆಂದು ಜಗಳ ತೆಗೆಯುತ್ತ ಹೊತ್ತು ಕಳೆದಳು. ಅವರಿಬ್ಬರೂ ಮೆಟ್ಟಿಲು ಇಳಿದ ಮೇಲೆ ದನಿ ತಗ್ಗಿಸಿ ಹೇಳಿದಳು.

"ಒಲ್ಲೆ ಅಂದಾರ್ರಿ."

ಚಿಲಕವನ್ನು ಗಲ್ಲೆಯ ಮೇಲೆ ಇಟ್ಟೆ. ಆಮೇಲೆ ಕೇಳಿದೆ, "ಯಾಕಂತ?"

"ಕೂಡಿ ಬರವಲ್ದು ಅಂದ್ರು."

"ಅಷ್ಟ? ಫೋನಿನ್ಯಾಗೂ ಅಷ್ಟ ಹೇಳಿದ್ರೇನು?"

"ಫೋನಿನ್ಯಾಗ ಏನೇನೋ ಹೇಳಿದ್ರಂತ. ಎದುರಿಗೆ ಕುಂತಾಗ ಆ ಮಾತು ಅವ್ರ ಬಾಯಿಗೆ ಬರಲಿಲ್ಲ. ನಾನೂ ಕೇಳಲಿಲ್ಲ. ಅಳಿಸಿ ಹೋತಲ್ಲ, ಚಲೋ ಆತು." ಎದ್ದು ಸೆರಗು ಕೊಡವಿದಳು. "ಚಿಲಕದ ರೇಟ್ ಮಾತ್ರ ಭಾಳ ಹೆಚ್ಚೈತಿ, ಅದು ಖರೇ."

ಗೀತಾಂಜಲಿಗೆ ಹೇಳಿದಾಗ ಆಕೆ, "ಆ ಹುಡುಗ ಅವಲಕ್ಕ್ಯಾಗಿನ ಸೇಂಗಾ ಒಂದೊಂದ ಆರಿಸಿ ಬಾಜೂಕ ಇಟ್ಟಾಗನ ನಾನೂ ಒಲ್ಲೆ ಅಂತ ಮಾಡಿದ್ದೆ" ಎಂದು ಕೆಲಸಕ್ಕೆ ಹೋದಳು. ಈಗ ಆಕೆ ತಾನೇ ಒಪ್ಪಿದವನೊಡನೆ ಮದುವೆಯಾಗಿ ಚೆನ್ನಾಗಿದ್ದಾಳೆ. ಇದನ್ನು ಬರೆಯುತ್ತಿರುವುದೂ ಆಕೆ ಹೂಂ ಅಂದ ಮೇಲೆಯೇ.

ಆದರೆ ಆ ವಾರವೆಲ್ಲ ನಾನು ಗಲ್ಲೆಯ ಮೇಲೆ ಕೂತು ಬಂದವರ ಮುಖ ನೋಡುತ್ತಿದ್ದೆ. ಗುಡ್ಡದ ಯಾರಾದರೂ ಕನಿಕರದ ದನಿಯಲ್ಲಿ ಏನಾದರೂ ಕೇಳುತ್ತಾರೋ ಎಂದು ಕಾಯುತ್ತಿದ್ದೆ. ಯಾರೂ ಕೇಳಲಿಲ್ಲ. ಮೊಳೆ ಕೇಳಿದರು, ಫೆವಿಕಾಲ್ ಕೇಳಿದರು. ಮಜರನ ಮೇಜಿನ ಮೇಲೆ ಆ ಫೋನು ನಾನು ಹಟ ಮಾಡಿದಂತೆ ತೆರೆದಿದ್ದರೆ, ಪರ್ವರಿಯ ಆ ತಾಯಿಯ ದನಿಯೂ ಸ್ಪೀಕರಿನ ಪರೀಕ್ಷೆಯಾಗುತ್ತಿತ್ತು. ಸುತ್ತ ನಿಂತ ನಾಲ್ಕಾರು ಮಂದಿ ನನಗಿಂತ ಮೊದಲು ಕೇಳುತ್ತಿದ್ದರು, ನಗುತ್ತಿದ್ದರು.

ಮುರುಗೆವ್ವ ಈಗ ಮತ್ತೆ ಮನೆ ಮನೆ ತಿರುಗಿ ಫೋಟೋ ಕೂಡಿಸಿದ್ದಾಳೆ. ಆಧಾರ್ ಕೊಡಲು ಬಂದವರಿಗೆ ಬೈದು ಕಳಿಸುತ್ತಾಳೆ. ಅಮಾವಾಸ್ಯೆಗೆ ನಂಬರು ಬದಲಿಸುವುದನ್ನು ಬಿಡಿಸಲು ನನ್ನಿಂದಾಗಲಿಲ್ಲ. "ಈ ಸಲ ಅಮಾಸಿ ಒಂದ ದಿನ ಐತ್ರಿ, ಸ್ವಾಮಿಗಳನ್ನ ಕೇಳೀನಿ" ಎನ್ನುತ್ತಾಳೆ.

ಸಂಬಂಧ ಕೂಡಿಸಿದವರಿಗೆ ಮದುವೆಯ ದಿನ ಒಂದು ಇಳಕಲ್ ಸೀರೆ ಉಡಿಸುವುದು ನಮ್ಮಲ್ಲಿಯ ಪದ್ಧತಿ. ಮಗಳ ಮದುವೆಗೆ ಸೀರೆ ತಂದಿಟ್ಟಿದ್ದೆ. "ಇದು ನಾ ಕೂಡಿಸಿದ್ದಲ್ರಿ" ಎಂದು ಆಕೆ ಮುಟ್ಟಲಿಲ್ಲ. ಆ ಸೀರೆ ಇನ್ನೂ ನನ್ನ ಕಪಾಟಿನಲ್ಲಿದೆ. ಕೂಡಿ ಬಾರದ ಪರ್ವರಿಯ ಆ ಸಂಬಂಧಕ್ಕಾಗಿ ನಾನು ಮುರುಗೆವ್ವನಿಗೆ ಒಂದು ಇಳಕಲ್ ಸೀರೆ ಕೊಡುವುದು ಬಾಕಿ ಇದೆ.