ಕಾಕಾ ಸಾಯಿಸಿದ ಇಂಜಿನ್

ಹೋದ ವಾರ ಔರಾದಿನ ಗ್ಯಾರೇಜೊಂದರಲ್ಲಿ ತಂಗಿಯ ಕಾರಿನ ಬಾನೆಟ್ ಎತ್ತಿದಾಗ ಹಳಸಿದ ಪೆಟ್ರೋಲಿನ ವಾಸನೆ ಮೂಗಿಗೆ ಬಡಿಯಿತು. ಅವಳು ಆ ಊರಿನ ಆಸ್ಪತ್ರೆಯಲ್ಲಿ ನರ್ಸ್. ಕಾರು ಎಂಟು ತಿಂಗಳು ಮನೆ ಮುಂದೆಯೇ ನಿಂತಿತ್ತು, ಈಗ ಎಷ್ಟು ಸೆಲ್ಫ್ ಹೊಡೆದರೂ ಚಾಲೂ ಆಗುತ್ತಿರಲಿಲ್ಲ. ಮಿಸ್ತ್ರಿ ಪ್ಲಗ್‌ಗಳನ್ನೆಲ್ಲ ಬಿಚ್ಚಿ, ಒಂದೊಂದು ತೂತಿಗೂ ಒಳಗಿನ ಒತ್ತಡ ಅಳೆಯುವ ಕಂಪ್ರೆಷನ್ ಗೇಜ್ ಹಚ್ಚಿ ನೋಡಿದ. ಮುಳ್ಳು ಅರ್ಧಕ್ಕೂ ಏಳಲಿಲ್ಲ. ಅವನೇನೂ ಗಾಬರಿಯಾಗದೆ ತೂತಿಗೊಂದು ಚಮಚ ಇಂಜಿನ್ ಆಯಿಲ್ ಸುರಿದು ಮತ್ತೆ ನೋಡಿದ. ಮುಳ್ಳು ಸರಸರ ಮೇಲೇರಿತು.

"ಕೆಟ್ಟಿಲ್ಲರಿ, ಪಿಸ್ಟನ್ ರಿಂಗ್ ಒಣಗ್ಯಾವ ಅಷ್ಟ. ವಾಲ್ವ್ ಖರಾಬ್ ಇದ್ರ ಎಣ್ಣಿ ಹಾಕಿದ್ರೂ ಮುಳ್ಳು ಏಳ್ತಿದ್ದಿಲ್ಲ. ವಾರಕ್ಕೊಮ್ಮಿ ಎರಡು ನಿಮಿಷ ಚಾಲೂ ಮಾಡಿ ಬಂದ್ ಮಾಡ್ತಿದ್ರೇನು?"

ಹೌದೆಂದಳು ತಂಗಿ. ಅವನು ನಕ್ಕ. "ಬಿಸಿ ಆಗೋ ಮೊದಲ ಬಂದ್ ಮಾಡಿದ್ರ ಪೆಟ್ರೋಲು ಒಳಗಿನ ಎಣ್ಣಿ ಎಲ್ಲಾ ತೊಳದು ಬಿಡ್ತದರಿ. ಯಾರು ಹೇಳಿಕೊಟ್ರು ಇದನ್ನ?"

ಅವಳಿಗೆ ಹೇಳಿಕೊಟ್ಟವನು ನಾನು. ನನಗೆ ಹೇಳಿಕೊಟ್ಟವರು ಕಾಕಾ...

ಬೀದರಿನ ಚಿದ್ರಿಯಲ್ಲಿ ನಮ್ಮ ಪಕ್ಕದ ಮನೆಯವರು. ಸರ್ಕಾರಿ ಇಲಾಖೆಯೊಂದರಲ್ಲಿ ಜೀಪುಗಳ ಲಾಗ್‌ಬುಕ್ ಬರೆದು ನಿವೃತ್ತರಾಗಿದ್ದರು. ಜೀಪು ಎಷ್ಟು ಕಿಲೋಮೀಟರ್ ಓಡಿತೆಂದು ಬರೆದವರಿಗೆ ಜೀಪಿನ ಹೊಟ್ಟೆಯೊಳಗಿನದೂ ಗೊತ್ತೆಂದು ಅವರೇ ನಂಬಿದ್ದರು, ನಮ್ಮನ್ನೂ ನಂಬಿಸಿದ್ದರು. ಜೀವಮಾನದಲ್ಲಿ ಅವರ ಉಗುರಿನಲ್ಲಿ ಗ್ರೀಸ್ ಕಂಡವರಿಲ್ಲ. ಆದರೂ ಹೈದರಾಬಾದಿನಿಂದ ಒಂದು ಗೇಜ್ ತಂದು, ಕನ್ನಡಕದಂತೆ ಮಖಮಲ್ ಬಟ್ಟೆಯಲ್ಲಿ ಸುತ್ತಿಟ್ಟುಕೊಂಡಿದ್ದರು. ಯಾರ ಗಾಡಿ ಕೆಮ್ಮಿದರೂ ಕರೆಯದೇ ಹಾಜರು.

ಅಪ್ಪ ಸಾಲಿ ಮಾಸ್ತರ. ಒಂದು ಸಲ ಬಿದ್ದು ತೊಡೆಯ ಎಲುಬು ಮುರಿದುಕೊಂಡು ವರ್ಷವಿಡೀ ಮಲಗಿದ್ದ. ಖಟಕ ಚಿಂಚೋಳಿಯಲ್ಲಿದ್ದ ಅವನ ಅಕ್ಕ, ನಮ್ಮ ಅತ್ತೆ, ಆಗಲೇ ಹಾಸಿಗೆ ಹಿಡಿದಿದ್ದಳು. ಬಸ್ಸಿನ ಮೆಟ್ಟಿಲು ಹತ್ತಲು ಅಪ್ಪನಿಗೆ ಆಗುತ್ತಿರಲಿಲ್ಲ. "ಕಾಲು ನೆಟ್ಟಗಾಗಲಿ, ನಾನೇ ಗಾಡಿ ಹೊಡ್ಕೊಂಡು ಅಕ್ಕನ ಮನಿಗೆ ಹೋಗ್ತೇನಿ" ಎಂಬುದೊಂದೇ ಅವನ ಜಪ. ಬಾಡಿಗೆ ಕಾರು ತರೋಣವೆಂದರೆ ಮುಖ ತಿರುಗಿಸುತ್ತಿದ್ದ.

ಅಷ್ಟು ದಿನ ಮನೆ ಮುಂದೆ ನಿಂತ ಅಪ್ಪನ ಕಾರಿಗೆ ಕಾಕಾರೇ ವೈದ್ಯರು. ಭಾನುವಾರ ಚರ್ಚಿನಿಂದ ಬಂದವರೇ ಕಾಂಪೌಂಡಿನಾಚೆಯಿಂದ ಕೂಗುತ್ತಿದ್ದರು: "ಎರಡು ನಿಮಿಷ ಚಾಲೂ ಮಾಡು, ಇಂಜಿನ್‌ಗೆ ಉಸಿರು ಬೇಕು!" ನಾನು ಪ್ರಾರ್ಥನೆಯ ಇಸ್ತ್ರಿ ಅಂಗಿಯಲ್ಲೇ ಓಡಿ ಹೋಗಿ ಚಾಲೂ ಮಾಡಿ, ಅವರು ಕೈ ಎತ್ತಿದೊಡನೆ ಬಂದ್ ಮಾಡುತ್ತಿದ್ದೆ. ಕಾರು ಮಾತ್ರ ಒಂದು ಅಡಿಯೂ ಕದಲುತ್ತಿರಲಿಲ್ಲ. ಹೀಗೆ ಐವತ್ತು ಭಾನುವಾರ ತೊಳೆದೆವು ಆ ಇಂಜಿನನ್ನು!

ಡಾಕ್ಟರು ಅಪ್ಪನಿಗೆ ಗಾಡಿ ಓಡಿಸಲು ಒಪ್ಪಿಗೆ ಕೊಟ್ಟ ವಾರವೇ ಅದು ಚಾಲೂ ಆಗಲಿಲ್ಲ. ಕಾಕಾ ಮಖಮಲ್ ಬಿಚ್ಚಿದರು. ಬ್ಯಾಟರಿ ಅರೆಜೀವವಾಗಿತ್ತು, ಅದನ್ನೂ ನೋಡಲಿಲ್ಲ. ಎಣ್ಣೆಯ ಮಾತಂತೂ ಅವರ ಬಾಯಿಂದ ಬರಲೇ ಇಲ್ಲ. ಮುಳ್ಳು ನೋಡಿದರು, ಡೈರಿಯಲ್ಲಿ ಬರೆದರು, ಕರ್ಚೀಫಿನಿಂದ ಕೈ ಒರೆಸಿಕೊಂಡರು. ಒರೆಸಲು ಕೈಯಲ್ಲಿ ಏನಿತ್ತೋ ದೇವರೇ ಬಲ್ಲ.

"ನಾಲ್ಕೂ ಸಿಲಿಂಡರ್ ಖತಂ, ಮಾಸ್ತರ. ಇಂಜಿನ್ ಸತ್ತದ."

ವಾರದೊಳಗೆ ಕೊಳಾರದ ಗುಜರಿಯವನು ಬಂದು ಕಾರನ್ನು ಎಳೆದುಕೊಂಡು ಹೋದ. ಅಪ್ಪ ಅಂದಿನಿಂದ ಅಕ್ಕನ ಮನೆಯ ಮಾತೇ ಎತ್ತಲಿಲ್ಲ. ಕೆಲವು ತಿಂಗಳ ಮೇಲೆ ಅತ್ತೆ ತೀರಿಕೊಂಡಾಗ, ಬೇಡವೆಂದಿದ್ದ ಬಾಡಿಗೆ ಕಾರಿನ ಹಿಂದಿನ ಸೀಟಿನಲ್ಲಿ ಕೂತು ಮಣ್ಣಿಗೆ ಹೋಗಿ ಬಂದ. ಆಮೇಲೆ ಅಪ್ಪನೂ ಹೋದ... ಕಾಕಾನೂ ಹೋದರು. ಅವರ ಮಣ್ಣಿನ ದಿನ ಎಲ್ಲರೂ ಎದ್ದೆದ್ದು ಅವರ ಜ್ಞಾನವನ್ನು ಹೊಗಳಿದರು. ನಾನೂ ತಲೆಯಾಡಿಸಿದ್ದೆ.

ಔರಾದಿನ ಗ್ಯಾರೇಜಿನಲ್ಲಿ ತಂಗಿಯ ಕಾರು ಬಿಳಿ ಹೊಗೆ ಉಗುಳಿ ಚಾಲೂ ಆಯಿತು. ಅವಳು ಚಪ್ಪಾಳೆ ತಟ್ಟಿದಳು. ಬೀದರಿಗೆ ಮರಳುವ ಬಸ್ಸಿನಲ್ಲಿ ದಾರಿಯುದ್ದಕ್ಕೂ ಕಾಕಾನನ್ನು ಮನಸ್ಸಿನಲ್ಲೇ ಬೈದೆ. ಅರೆಬೆಂದ ಬುದ್ಧಿಯವನೆಂದೆ, ಡೈರಿ ಹಿಡಿದ ಮೂರ್ಖನೆಂದೆ. ಒಂದು ಚಮಚ ಎಣ್ಣೆಗೆ ಗತಿಯಿಲ್ಲದ ಜಾಣತನಕ್ಕೆ ಬೆಂಕಿ ಬೀಳಲಿ ಎಂದೆ. ಈಗಲೂ ಒಂದು ಮಾತನ್ನೂ ಹಿಂದಕ್ಕೆ ತೆಗೆದುಕೊಳ್ಳುವುದಿಲ್ಲ.

ಆದರೆ ಮನೆ ಹತ್ತಿರ ಬಂದಂತೆ ಬೈಗುಳ ಮುಗಿದುಹೋಯಿತು. ಅಂದು ಕಾಕಾ ತೀರ್ಪು ಕೊಟ್ಟು ಹೋದ ಮೇಲೆ ಅಪ್ಪ ಕೋಲು ಊರಿಕೊಂಡು ಬಾಗಿಲಿಗೆ ಬಂದು ನನ್ನನ್ನು ಕೇಳಿದ್ದ: "ನಿಂಗೇನ್ ಅನಸ್ತದೋ? ಇನ್ನೊಬ್ಬ ಮಿಸ್ತ್ರಿಗಿ ತೋರ್ಸೋಣೇನು?"

ಪ್ರತಿ ಭಾನುವಾರದ ಆ ಚಾಕರಿ ನನಗೆ ಸಾಕಾಗಿಹೋಗಿತ್ತು. "ಕಾಕಾನ ಹೇಳಿದ ಮ್ಯಾಲ ಮತ್ತೇನು ತೋರ್ಸೋದು ಬಿಡಪ್ಪಾ" ಅಂದಿದ್ದೆ.