ಸಿಸಿಲಿ ಟೀಚರಿಗೊಂದು ಎಲೆ

ಅವರ ಮುಖದಲ್ಲಿ ಮೊದಲು ಕಾಣುತ್ತಿದ್ದದ್ದು ಮೂಗು. ಬಾಗಿಲು ತೆರೆದರೆ ಮೂಗು ಮೊದಲು ಹೊರಗೆ ಬಂದು ಯಾರು ಅಂತ ನೋಡಿ, ಆಮೇಲೆ ಉಳಿದ ಮುಖವನ್ನು ಕರೆದ ಹಾಗಿರುತ್ತಿತ್ತು. ನಡುವೆ ಉಬ್ಬಿ, ತುದಿಯಲ್ಲಿ ಬಾಗಿ, ಒಲೆಯ ಝಳಕ್ಕೆ ಸದಾ ಕೆಂಪಾಗಿರುತ್ತಿದ್ದ ಮೂಗು. ಇಷ್ಟು ದೊಡ್ಡ ಮೂಗಿದ್ದರೆ ಎಷ್ಟು ದೂರದ ಒಗ್ಗರಣೆಯೂ ಗೊತ್ತಾದೀತು ಎಂದು ಮೊದಲ ದಿನವೇ ನನಗೆ ಹೊಟ್ಟೆಕಿಚ್ಚಾಯಿತು. ಆ ಕಿಚ್ಚು ಆಮೇಲೆ ಬೆಳೆಯಿತೇ ಹೊರತು ಕಡಿಮೆಯಾಗಲಿಲ್ಲ.

ಅವರು ಸಿಸಿಲಿಯವರು. ಇಟಲಿಯ ಕೆಳತುದಿಯಲ್ಲಿರುವ ದ್ವೀಪ ಅದು. ಗಂಡ ತೀರಿಹೋದ ಮೇಲೆ ಅಬುಧಾಬಿಗೆ ಬಂದು, ಹಡಗಿನ ಕಂಪೆನಿಯಲ್ಲಿ ಕೆಲಸಕ್ಕಿದ್ದ ಮಗನ ಜೊತೆ ಇದ್ದರು. ಮನೆ ಹಮ್ದಾನ್ ಸ್ಟ್ರೀಟಿನ ನಮ್ಮ ಬಿಲ್ಡಿಂಗಿನ ಹಿಂದಿನ ಬಿಲ್ಡಿಂಗಿನಲ್ಲೇ. ಶನಿವಾರ ಬಂದರೆ ಪರಿಚಯದ ನಾಲ್ಕು ಹೆಂಗಸರನ್ನು ತಮ್ಮ ಅಡಿಗೆಮನೆಗೆ ಕರೆದು ಊರಿನ ಅಡಿಗೆ ಕಲಿಸುತ್ತಿದ್ದರು. ನಾನು ಅವರನ್ನು ಟೀಚರ್ ಎಂದೇ ಕರೆದೆ. ನಮ್ಮ ಉಡುಪಿ ಕಡೆ ಕಲಿಸುವ ಹೆಂಗಸರೆಲ್ಲ ಟೀಚರೇ. ನನ್ನ ಮಗಳು ಕರೆಯುತ್ತಿದ್ದದ್ದು ಬೇರೆ, ಅದಕ್ಕೆ ಆಮೇಲೆ ಬರುತ್ತೇನೆ.

ಅವರ ಮನೆಗೆ ನಾನು ಹೋದದ್ದು ನನ್ನ ಐವತ್ತನೆಯ ಹುಟ್ಟುಹಬ್ಬದ ಉಡುಗೊರೆಯಾಗಿ. ಮಗಳು ಕೆಲಸಕ್ಕೆ ಸೇರಿದ ಮೊದಲ ವರ್ಷ ಅದು. ಸೀರೆಯೋ ಬಳೆಯೋ ಕೊಡುತ್ತಾಳೆ ಎಂದು ನಾನು ಕಾದಿದ್ದರೆ, ಅಡಿಗೆ ಕ್ಲಾಸಿಗೆ ಹೆಸರು ಕೊಟ್ಟು ಬಂದಿದ್ದೇನೆ ಎಂದಳು. ನನಗೆ, ಅಡಿಗೆ ಕ್ಲಾಸು! ಅಬುಧಾಬಿಯ ನಮ್ಮ ತುಳುವರ ಮನೆಗಳಲ್ಲಿ ಸೀಮಂತವಿರಲಿ, ಗೃಹಪ್ರವೇಶವಿರಲಿ, ಕೋರಿರೊಟ್ಟಿಯ ಕೋಳಿಸಾರಿಗೆ ಫೋನ್ ಬರುವುದು ನನಗೆ. ದುಬೈಯ ಅಲ್ ನಹ್ದಾದಿಂದ ನನ್ನ ನಾದಿನಿ ಬರುವುದೇ ಖಾಲಿ ಡಬ್ಬಗಳನ್ನು ಹಿಡಿದುಕೊಂಡು. ಅಂಥವಳಿಗೆ ಬೇರೆಯವರು ಸೌಟು ಹಿಡಿಯಲು ಹೇಳಿಕೊಡುವುದೇ? ನಾನು ಎರಡು ದಿನ ಮಗಳ ಜೊತೆ ಮಾತು ಬಿಟ್ಟೆ. ಕೊನೆಗೆ ನನ್ನನ್ನು ಹೊರಡಿಸಿದವರು ನನ್ನ ಗಂಡ. “ಹೋಗಿ ಬಾ ಮಾರಾಯ್ತಿ,” ಎಂದರು. “ಅವ್ರಿಗೆ ಎಂತ ಬರುದಿಲ್ಲ ಅಂತ ಆದ್ರೂ ನೋಡ್ಕೊಂಡು ಬರ್ಬಹುದಲ್ಲ.” ಆ ಮಾತು ನನಗೆ ಸರಿ ಕಂಡಿತು.

ಬಾಗಿಲಲ್ಲೇ ನನ್ನ ಗ್ರಹಚಾರ ಕಾದಿತ್ತು. ಮಗಳು “ನೊನ್ನಾ” ಎಂದು ಕರೆಯುತ್ತಾ ಚಪ್ಪಲಿ ಕಳಚಿ ಸೀದಾ ಒಳಗೆ ನಡೆದಳು. ಬಾಗಿಲ ಹಿಂದಿನ ಮೊಳೆಯಿಂದ ಒಂದು ಏಪ್ರನ್ ತೆಗೆದು ಸೊಂಟಕ್ಕೆ ಕಟ್ಟಿಕೊಂಡಳು. ಯಾವ ಡ್ರಾಯರಿನಲ್ಲಿ ಚಾಕು, ಯಾವ ಭರಣಿಯಲ್ಲಿ ಉಪ್ಪು, ಎಲ್ಲ ಗೊತ್ತು. ನಮ್ಮ ಮನೆಯಲ್ಲಿ ಉಪ್ಪು ಎಲ್ಲಿದೆ ಎಂದು ಕೇಳಿದರೆ ಫ್ರಿಜ್ಜಿನ ಬಾಗಿಲು ತೆರೆಯುವವಳು ಅವಳು. ಗೆಳತಿಯ ಮನೆಗೆ ಎಂದು ಹೇಳಿ ಶನಿವಾರ ಶನಿವಾರ ಹೋಗುತ್ತಿದ್ದದ್ದು ಎಲ್ಲಿಗೆ ಎಂದು ಆಗ ತಿಳಿಯಿತು. ನೊನ್ನಾ ಅಂದರೆ ಎಂತ ಎಂದು ಪಿಸುಮಾತಿನಲ್ಲಿ ಕೇಳಿದೆ. “ಅಜ್ಜಿ ಅಂತ, ಅಷ್ಟೆ,” ಎಂದಳು. ಕಾಪುವಿನಲ್ಲಿರುವ ನನ್ನ ಅಮ್ಮ ವೀಡಿಯೋ ಕಾಲಿನಲ್ಲಿ ಎರಡು ಮಾತು ಆಡು ಎಂದು ಅಂಗಲಾಚಿದರೂ ಹಾಯ್, ಬಾಯ್ ಎಂದು ಎದ್ದು ಹೋಗುವ ಹುಡುಗಿಗೆ ಇಲ್ಲಿ ಒಬ್ಬರು ಅಜ್ಜಿ.

ಆ ದಿನ ಟೀಚರ್ ಮಾಡಿಸಿದ್ದು ಬೂತಾಯಿ. ಹೌದು, ನಮ್ಮದೇ ಬೂತಾಯಿ ಮೀನು. ಮುಳ್ಳು ತೆಗೆದು, ಪುಸ್ತಕದ ಹಾಗೆ ಬಿಡಿಸಿ, ಹುರಿದ ಬ್ರೆಡ್ಡಿನ ಪುಡಿ ಮತ್ತು ಒಣದ್ರಾಕ್ಷಿ ತುಂಬಿ ಸುರುಳಿ ಸುತ್ತಿ, ಮೇಲೆ ಕಿತ್ತಳೆ ರಸ ಹಿಂಡಿ ಅವನ್‌ಗೆ ಇಡುವುದು. ಬೂತಾಯಿಗೆ ದ್ರಾಕ್ಷಿ! ನಮ್ಮ ಅತ್ತೆ ಇದ್ದಿದ್ದರೆ ಸ್ನಾನ ಮಾಡಿ ಬರುತ್ತಿದ್ದರು. ಮೀನು ಶುಚಿ ಮಾಡುವುದರಲ್ಲಿ ಮಾತ್ರ ಅಲ್ಲಿ ನನ್ನ ಕೈಗೆ ಎದುರಿರಲಿಲ್ಲ. ಉಳಿದ ಹೆಂಗಸರು ಎರಡು ಮೀನಿನ ಜೊತೆ ಒದ್ದಾಡುತ್ತಿರುವಾಗ ನಾನು ರಾಶಿ ಮುಗಿಸಿ ಕೈ ತೊಳೆದೆ. ಟೀಚರ್ ಹುಬ್ಬೇರಿಸಿದರು. ನನಗೆ ಕಿರೀಟ ಇಟ್ಟ ಹಾಗಾಯಿತು.

ಕಿರೀಟ ಹೆಚ್ಚು ಹೊತ್ತು ನಿಲ್ಲಲಿಲ್ಲ. ಪಕ್ಕದ ಒಲೆಯಲ್ಲಿ ಬದನೆಕಾಯಿ ಬೇಯುತ್ತಿತ್ತು. ಅವರ ಭಾಷೆಯಲ್ಲಿ ಕಪೊನಾತಾ, ನಮ್ಮ ಲೆಕ್ಕದಲ್ಲಿ ಹುಳಿಸಿಹಿ ಗೊಜ್ಜು. ಟೀಚರ್ ಮರದ ಚಮಚದಲ್ಲಿ ಅದನ್ನು ತೆಗೆದು, ಊದಿ ಆರಿಸಿ, ನನ್ನ ಮಗಳ ಬಾಯಿಗೆ ಹಿಡಿದರು. ಅವಳು ಒಂದು ಕಣ್ಣು ಮುಚ್ಚಿ, ನಾಲಗೆ ಹೊರಳಿಸಿ, ವಿನೆಗರ್ ಸಾಲದು ಎಂದಳು. ಟೀಚರ್ ವಿನೆಗರ್ ಹಾಕಿ ಅದೇ ಚಮಚದಿಂದ ಕಲಕಿದರು. ಎಂಜಲು ಚಮಚ, ಪಾತ್ರೆಯ ಒಳಗೆ. ನನ್ನ ಮೈ ಝುಮ್ಮೆಂದಿತು. ಎಂಜಲಿಗಿಂತ ಹೆಚ್ಚಾಗಿ, ಆ ತೆರೆದ ಬಾಯಿ ಕಂಡು. ನಾನು ತುತ್ತು ಹಿಡಿದರೆ “ಐ ಆಮ್ ನಾಟ್ ಎ ಬೇಬಿ” ಎಂದು ಮುಖ ತಿರುಗಿಸಿದ್ದು ನಾಲ್ಕನೇ ಕ್ಲಾಸಿನಲ್ಲಿ. ಅಂದಿನಿಂದ ಆ ಬಾಯಿ ನನಗಾಗಿ ತೆರೆದಿರಲಿಲ್ಲ.

ಮುಂದಿನ ಚಮಚ ನನ್ನ ಕಡೆ ಬಂತು. ನಾನು ಕೈ ಅಡ್ಡ ಹಿಡಿದೆ. ನಾನು ಅಡಿಗೆ ಮಾಡುವಾಗ ರುಚಿ ನೋಡುವುದಿಲ್ಲ. ನಾನು ಕೈ ಪಳಗಿಸಿಕೊಂಡದ್ದು ಅತ್ತೆಮನೆಯ ಅಗೆಲಿನಲ್ಲಿ. ಅಗೆಲು ಅಂದರೆ ತೀರಿಹೋದ ಹಿರಿಯರಿಗೆ ಬಾಳೆ ಎಲೆ ಹಾಕಿ ಬಡಿಸುವುದು. ಅವರಿಗೆ ಇಷ್ಟವಿದ್ದ ಕೋಳಿ, ಮೀನು ಎಲ್ಲ ಎಲೆಗೆ ಹೋಗುವ ತನಕ ಯಾರೂ ನಾಲಗೆಗೆ ತಾಗಿಸುವ ಹಾಗಿಲ್ಲ. ಅತ್ತೆ ಆ ನಿಯಮವನ್ನು ವರ್ಷವಿಡೀ ಇಟ್ಟುಕೊಂಡವರು. ಅವರ ಸೊಸೆಯಾದ ನಾನೂ ಹಾಗೆಯೇ. ಉಪ್ಪಿನ ತೂಕ ಅಂಗೈಗೆ ಗೊತ್ತು, ಉಳಿದದ್ದು ಕಿವಿಗೆ ಗೊತ್ತು. ಇಷ್ಟನ್ನು ನನ್ನ ಹರಕು ಇಂಗ್ಲಿಷಿನಲ್ಲಿ ಹೇಳಲಾಗದೆ ಒದ್ದಾಡುತ್ತಿದ್ದಾಗ, ಅಮ್ಮ ರುಚಿ ನೋಡುವುದಿಲ್ಲ, ಪಾತ್ರೆಗೆ ಕಿವಿ ಕೊಡುತ್ತಾರೆ ಎಂದು ಮಗಳು ನಾಚಿಕೊಂಡೇ ವಿವರಿಸಿದಳು. ಉಳಿದವರು ನಕ್ಕರು. ಟೀಚರ್ ನಗಲಿಲ್ಲ. ಚಮಚ ಕೆಳಗಿಟ್ಟು ನನ್ನನ್ನೇ ನೋಡುತ್ತಾ ನಿಂತರು.

ಮನೆಗೆ ನಡೆದು ಬರುವಾಗ ಜಗಳವಾಯಿತು. ನಿನ್ನ ಹೆತ್ತವಳು ಮನೆಯಲ್ಲಿ ಅಡಿಗೆ ಮಾಡುವಾಗ ಒಂದು ದಿನ ಇಣುಕಿ ನೋಡಿದವಳಲ್ಲ, ಅಲ್ಲಿ ಹೋಗಿ ಏಪ್ರನ್ ಕಟ್ಟುತ್ತೀಯಾ ಎಂದೆ. ಮಗಳು ನಡಿಗೆ ನಿಲ್ಲಿಸಿ ನನ್ನ ಕಡೆ ತಿರುಗಿದಳು. ಆಮೇಲೆ ಹೇಳಿದಳು.

“ನಿನ್ನ ಕಿಚನ್‌ನಲ್ಲಿ ನಾನು ಗೆಸ್ಟ್ ಅಮ್ಮ. ಕೂತ್ಕೊಂಡು ತಿನ್ನುದು, ತಟ್ಟೆ ಸಿಂಕಿಗೆ ಹಾಕುದು. ನೊನ್ನಾ ನನ್ನನ್ನ ಕೇಳ್ತಾರೆ.”

“ಎಂತ ಕೇಳ್ತಾರೆ?”

“ಸಾಕಾ ಅಂತ.”

ನಾನು ಮರುವಾರವೂ ಹೋದೆ, ಅದರ ಮರುವಾರವೂ. ಕಲಿಯುವ ಆಸೆಯಿಂದಲ್ಲ. ಮಗಳನ್ನು ಅಲ್ಲಿ ಒಬ್ಬಳನ್ನೇ ಬಿಡಲು ಮನಸ್ಸಿರಲಿಲ್ಲ. ಹೋಗುತ್ತಾ ಹೋಗುತ್ತಾ ಟೀಚರ್ ನನಗೆ ಅರ್ಥವಾಗತೊಡಗಿದರು, ಅದು ಇನ್ನೂ ಕಷ್ಟ. ದ್ವೇಷಿಸಲು ಒಂದು ಒಳ್ಳೆಯ ಕಾರಣವಾದರೂ ಸಿಗಬೇಡವೇ? ಟೊಮೆಟೊಗಳಿಗೆ ಬೈಯುತ್ತಿದ್ದರು, ಇಲ್ಲಿಯ ಟೊಮೆಟೊಗಳಿಗೆ ನಾಚಿಕೆಯೇ ಇಲ್ಲ ಎಂದು. ಗಡಿಯಾರ ನೋಡಿದವರಿಗೆ, ಅವಸರ ಇದ್ದರೆ ಹೋಟೆಲಿಗೆ ಹೋಗಿ ಎನ್ನುತ್ತಿದ್ದರು. ಹಿಟ್ಟು ನಾದುವಾಗ ನಮ್ಮ ಕೈಯ ಮೇಲೆ ತಮ್ಮ ಕೈಯಿಟ್ಟು ಒತ್ತುತ್ತಿದ್ದರು. ಅವರೂ ರುಚಿ ನೋಡುತ್ತಿರಲಿಲ್ಲ. ನಾನು ನೋಡಿದರೆ ನೀವು ಯಾವಾಗ ಕಲಿಯುವುದು ಎನ್ನುತ್ತಿದ್ದರು. ನಮಗೆಲ್ಲ ಅದು ಅವರ ಪಾಠದ ಕ್ರಮ ಎಂದೇ ಅನಿಸಿತ್ತು. ನನ್ನನ್ನು ಒಮ್ಮೆ ಅಲ್ ಮೀನಾದ ಮೀನು ಮಾರುಕಟ್ಟೆಗೂ ಕರೆದುಕೊಂಡು ಹೋದರು. ಮೀನಿನ ಕಣ್ಣು ನೋಡಿದರು, ಕಿವಿರು ಎತ್ತಿದರು, ಹೊಟ್ಟೆ ಒತ್ತಿದರು. ಅಷ್ಟುದ್ದದ ಮೂಗಿದ್ದೂ ಒಂದು ಸಲವೂ ಮೂಸಿ ನೋಡಲಿಲ್ಲ. ಜಂಬ ಎಂದುಕೊಂಡೆ.

ಒಂದು ಶನಿವಾರ ಮಗಳು ಆಫೀಸಿನ ಕೆಲಸಕ್ಕೆ ದುಬೈಗೆ ಹೋಗಿದ್ದಳು. ಉಳಿದ ಹೆಂಗಸರು ರಜೆಗೆ ಊರಿಗೆ ಹೋಗಿದ್ದರು. ನಾನೂ ಟೀಚರೂ ಇಬ್ಬರೇ. ಅವರು ಒಲೆಯ ಮೇಲೆ ಬೆಳ್ಳುಳ್ಳಿ ಹಾಕಿ, ನನ್ನ ಕಡೆ ತಿರುಗಿ, ಮದುವೆಯ ದಿನ ಅತ್ತೆ ತಮ್ಮ ಕೈರುಚಿ ಪರೀಕ್ಷೆ ಮಾಡಿದ ಕತೆ ಹೇಳತೊಡಗಿದರು. ಬೆಳ್ಳುಳ್ಳಿ ಕೆಂಪಾಯಿತು, ಕರಟಿತು, ಕೋಣೆಯಲ್ಲೆಲ್ಲ ಕಹಿ ವಾಸನೆ ತುಂಬಿತು. ಅವರು ನಗುತ್ತಾ ಕತೆ ಹೇಳುತ್ತಲೇ ಇದ್ದಾರೆ. ನಾನು ಓಡಿ ಒಲೆ ಆರಿಸಿದೆ. ಅವರು ತಿರುಗಿ ಕಪ್ಪಾದ ಬಾಣಲೆ ನೋಡಿದರು, ನನ್ನನ್ನು ನೋಡಿದರು, ಕುರ್ಚಿ ಎಳೆದು ಕುಳಿತರು.

ಕೊರೊನಾ ಬಂದು ಹೋದಾಗ ಅವರ ಮೂಗು, ನಾಲಗೆ ಎರಡನ್ನೂ ತೆಗೆದುಕೊಂಡು ಹೋಗಿತ್ತು. ಮತ್ತೆ ಬರಲೇ ಇಲ್ಲ. ಮಗನಿಗೆ ಹೇಳಿರಲಿಲ್ಲ. ಗೊತ್ತಾದರೆ ಬೆಂಕಿಯ ಹತ್ತಿರ ನಿಲ್ಲಬೇಡಮ್ಮ ಎಂದು ಒಲೆಯಿಂದ ದೂರ ಇಡುತ್ತಾನೆ, ಒಲೆ ಹೋದರೆ ತಾನು ಸೋಫಾದ ಮೇಲಿಟ್ಟ ಗಂಟು ಎಂದರು. ಅವರ ಇಂಗ್ಲಿಷ್ ನನ್ನದಕ್ಕಿಂತ ಹರಕು, ಆದರೂ ಆ ಮಾತು ನನಗೆ ಒಂದಕ್ಷರವೂ ಬಿಡದೆ ತಿಳಿಯಿತು. ವಿಷಯ ಗೊತ್ತಿದ್ದದ್ದು ಒಬ್ಬಳಿಗೆ ಮಾತ್ರ.

“ನಿಮ್ಮ ಮಗಳು ನನ್ನ ಬಾಯಿ,” ಎಂದರು ಟೀಚರ್.

ನನ್ನ ಕಣ್ಣು ತುಂಬಿತು, ನಿಜ. ಅದರ ಜೊತೆಯಲ್ಲೇ ಹೊಟ್ಟೆಯೂ ಉರಿಯಿತು, ಅದೂ ಅಷ್ಟೇ ನಿಜ. ಇಷ್ಟು ದೊಡ್ಡ ಗುಟ್ಟನ್ನು ನನ್ನ ಮಗಳು ನನ್ನಿಂದ ಮುಚ್ಚಿಟ್ಟು ಇವರಿಗಾಗಿ ಕಾಪಾಡಿದ್ದಾಳೆ. ನನ್ನ ಯಾವ ಗುಟ್ಟು ಅವಳ ಹತ್ತಿರ ಇದೆ? ಹೀಗೆ ನಾನು ಉರಿಯುತ್ತಾ ನಿಂತಿರುವಾಗ ಅವರು ಎದ್ದು, ಹೊಸ ಬೆಳ್ಳುಳ್ಳಿ ಸುಲಿದು ನನ್ನ ಮುಂದಿಟ್ಟರು.

“ನೀವು ರುಚಿ ನೋಡದೆ ಮಾಡುತ್ತೀರಿ. ಮೊದಲ ದಿನದಿಂದ ಕೇಳಬೇಕು ಅಂತಿದ್ದೆ. ನನಗೆ ಕಲಿಸುತ್ತೀರಾ?”

ಉಪ್ಪಿನಿಂದ ಶುರು ಮಾಡಿದೆ. ಅವರ ಅಂಗೈಯನ್ನು ಗುಳಿಯಾಗಿಸಿ ಉಪ್ಪು ಸುರಿದು, ಇಷ್ಟು ಮೀನಿಗೆ ಇಷ್ಟು ಭಾರ ಎಂದು ಹಿಡಿಸಿದೆ. ಆಮೇಲೆ ಒಲೆಯ ಮುಂದೆ ನಿಲ್ಲಿಸಿ ಕಣ್ಣು ಮುಚ್ಚಲು ಹೇಳಿದೆ. ಹಸಿ ಈರುಳ್ಳಿ ಎಣ್ಣೆಯಲ್ಲಿ ಒದ್ದೆ ಸದ್ದು ಮಾಡುತ್ತದೆ, ನೀರು ಆರುತ್ತಿದ್ದ ಹಾಗೆ ಸದ್ದು ಸಣ್ಣದಾಗುತ್ತದೆ, ಕೆಂಪಾಗುವ ಹೊತ್ತಿಗೆ ಒಣಗಿದ ತರಗೆಲೆಯ ಹಾಗೆ. ಬೆಳ್ಳುಳ್ಳಿ ಚಿಟಿಚಿಟಿ ಎನ್ನುವುದನ್ನು ನಿಲ್ಲಿಸಿದರೆ ತಡ ಮಾಡದೆ ಬಾಣಲೆ ಎತ್ತಬೇಕು. ನನ್ನ ಅತ್ತೆ ನನ್ನ ಬೆನ್ನ ಹಿಂದೆ ನಿಂತು ಹೇಳಿದ್ದನ್ನೆಲ್ಲ ನಾನು ಅವರ ಬೆನ್ನ ಹಿಂದೆ ನಿಂತು ಹೇಳಿದೆ. ಎರಡು ಸಲ ಕರಟಿಸಿದರು. ಆಮೇಲಿನ ಸಲ ನಾನು ಬಾಯಿ ತೆರೆಯುವ ಮೊದಲೇ ಬಾಣಲೆ ಎತ್ತಿ, ಕಣ್ಣು ಮುಚ್ಚಿಕೊಂಡೇ ನಕ್ಕರು. ಆ ನಗು ನನ್ನದು. ಅದರಲ್ಲಿ ಮಗಳಿಗೆ ಪಾಲಿಲ್ಲ.

ಇನ್ನು ಅವರಿಗೆ ನನ್ನ ಮಗಳ ಬಾಯಿ ಬೇಕಾಗಿಲ್ಲ ಎಂದು ಒಳಗೊಳಗೇ ಖುಷಿಪಟ್ಟೆ. ಎಲ್ಲಿ? ಮರುವಾರ ಕಿವಿಯಿಂದ ಎಲ್ಲ ಸರಿಯಾಗಿ ಮಾಡಿ, ಮತ್ತೆ ಚಮಚ ಊದಿ ಅವಳ ಬಾಯಿಗೇ ಹಿಡಿದರು. ಅವಳು ಮತ್ತೆ ಒಂದು ಕಣ್ಣು ಮುಚ್ಚಿದಳು. ಅವರು ಕೇಳುತ್ತಿದ್ದದ್ದು ಉಪ್ಪು ಹುಳಿಗಾಗಿ ಮಾತ್ರ ಆಗಿರಲಿಲ್ಲ ಎಂದು ನನಗೆ ಅಂದು ಹೊಳೆಯಿತು. ಆದರೂ ಮನೆಗೆ ಬಂದು ನಾನು ನನ್ನ ಪಾಡಿಗೆ ಬಾಗಿಲು ಮುಂದೆ ಮಾಡಿ ಒಬ್ಬಳೇ ಅಡಿಗೆ ಮಾಡಿದೆ. ಕೇಳುವುದು ಹೇಗೆ ಎಂದು ನನಗೆ ಬರುತ್ತಿರಲಿಲ್ಲ.

ಹೀಗೆ ಒಂದು ವರ್ಷ ಕಳೆಯಿತು. ಬೇಸಿಗೆಯಲ್ಲಿ ಟೀಚರ್ ಊರಿಗೆ ಹೋದರು. ಅಲ್ಲೇ ಒಂದು ಮಧ್ಯಾಹ್ನ ಮಲಗಿದವರು ಏಳಲಿಲ್ಲ. ಮಣ್ಣು ಮಾಡಿ ವಾಪಸು ಬಂದ ಮಗ ನಮ್ಮ ಮನೆಗೆ ಬಂದು, ಮೊಳೆಯಲ್ಲಿದ್ದ ಏಪ್ರನ್ನನ್ನು ನನ್ನ ಮಗಳ ಕೈಗೆ ಕೊಟ್ಟರು. ನನಗೆ ಏನೂ ಇರಲಿಲ್ಲ. ಹೊರಡುವಾಗ ಅವರು, ತಮ್ಮ ಅಮ್ಮನ ಕೈರುಚಿ ಕೊನೆಯ ವರ್ಷ ಹಿಂದೆಂದಿಗಿಂತ ಚೆನ್ನಾಗಿತ್ತು ಎಂದರು. ನಾನೂ ಮಗಳೂ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಗುಟ್ಟು ಈಗ ನಮ್ಮಿಬ್ಬರದು, ಇಬ್ಬರೂ ಬಿಟ್ಟುಕೊಡಲಿಲ್ಲ.

ಆಮೇಲಿನ ಶನಿವಾರಗಳಲ್ಲಿ ಮಗಳು ರೂಮಿನ ಬಾಗಿಲು ಹಾಕಿಕೊಂಡು ಮಲಗಿರುತ್ತಿದ್ದಳು. ಒಂದು ಶನಿವಾರ ನಾನು ಅಲ್ ಮೀನಾಕ್ಕೆ ಹೋಗಿ ಬೂತಾಯಿ ತಂದೆ. ಸೂಪರ್ ಮಾರ್ಕೆಟಿನಿಂದ ಬಾಳೆ ಎಲೆ ತಂದೆ. ನನ್ನ ಗಂಡ ಎಲೆ ನೋಡಿ, ಇವತ್ತು ಯಾರ ಅಗೆಲು ಎಂದು ಕೇಳಿದರು. ಟೀಚರದು ಎಂದೆ. ಅವರು ಎಲೆ ಒರೆಸಿಟ್ಟರು. ನಾನು ಮಾಡಿದ್ದು ಪುಳಿಮುಂಚಿ, ನಮ್ಮ ಕೆಂಪು ಹುಳಿಖಾರದ ಮೀನುಸಾರು. ದ್ರಾಕ್ಷಿ ಹಾಕುವಷ್ಟು ನಾನು ಇನ್ನೂ ಇಳಿದಿಲ್ಲ.

ಸಾರು ಕುದಿದು ಸದ್ದು ದಪ್ಪವಾಯಿತು. ಕಿವಿಗೆ ಸರಿ ಅನಿಸಿತು. ಇನ್ನು ಎಲೆಗೆ ಬಡಿಸುವುದೊಂದೇ ಬಾಕಿ. ಆದರೆ ನಾನು ಹೋಗಿ ಮಗಳ ಬಾಗಿಲು ಬಡಿದೆ. ಅವಳು ಕೆದರಿದ ಕೂದಲಲ್ಲಿ ಬಂದು ಅಡಿಗೆಮನೆಯ ಹೊಸ್ತಿಲಲ್ಲಿ ನಿಂತಳು. ನಾನು ಚಮಚದಲ್ಲಿ ಸಾರು ತೆಗೆದು, ಊದಿ ಆರಿಸಿ, ಅವಳ ಮುಂದೆ ಹಿಡಿದೆ. ಅವಳು ಚಮಚ ನೋಡಿದಳು, ಎಲೆ ನೋಡಿದಳು.

“ಎಂಜಲಾಗ್ತದೆ ಅಮ್ಮ. ಎಲೆಗೆ ಬಡಿಸ್ಲಿಕ್ಕೆ ಉಂಟಲ್ಲ.”

“ಅವರು ಊಟ ಮಾಡ್ತಾ ಇದ್ದದ್ದೇ ನಿನ್ನ ಬಾಯಿಂದ,” ಎಂದೆ. “ನೋಡಿ ಹೇಳು. ಸಾಕಾ?”

ಅವಳು ಬಾಯಿ ತೆರೆದಳು. ಒಂದು ಕಣ್ಣು ಮುಚ್ಚಿದಳು. ನಾಲಗೆ ಹೊರಳಿಸಿದಳು. ಮುಚ್ಚಿದ ಕಣ್ಣಿನಿಂದ ನೀರು ಇಳಿಯಿತು. ಆಮೇಲೆ, ಉಪ್ಪು ಸ್ವಲ್ಪ ಬೇಕು ಎಂದಳು. ಇಷ್ಟು ವರ್ಷಗಳಲ್ಲಿ ನನ್ನ ಸಾರಿಗೆ ಉಪ್ಪು ಕಡಿಮೆ ಎಂದವರು ಯಾರೂ ಇಲ್ಲ. ನಾನು ಉಪ್ಪು ಹಾಕಿ, ಅದೇ ಚಮಚದಿಂದ ಕಲಕಿ, ಎಲೆಗೆ ಬಡಿಸಿದೆ.

ಈಗ ಶನಿವಾರ ಅವಳು ನನ್ನ ಅಡಿಗೆಮನೆಯಲ್ಲಿರುತ್ತಾಳೆ. ಏಪ್ರನ್‌ಗೆ ನಮ್ಮ ಬಾಗಿಲ ಹಿಂದೆಯೂ ಒಂದು ಮೊಳೆ ಹೊಡೆದಾಗಿದೆ. ಅವಳನ್ನು ನನಗೆ ವಾಪಸು ಕೊಟ್ಟವರು ಟೀಚರ್ ಎಂದು ನಾನು ಯಾರ ಮುಂದೆ ಬೇಕಾದರೂ ಹೇಳುತ್ತೇನೆ. ಆದರೆ ನಾನು ಚಮಚ ಹಿಡಿದಾಗಲೆಲ್ಲ ಅವಳು ಒಂದು ಕಣ್ಣು ಮುಚ್ಚುತ್ತಾಳಲ್ಲ, ಅದು ನಾನು ಕಲಿಸಿದ್ದಲ್ಲ. ಅದನ್ನು ಕಂಡಾಗ ನನಗೆ ಈಗಲೂ ಹೊಟ್ಟೆ ಉರಿಯುತ್ತದೆ.