ಗಡಿಯಾರಕ್ಕೆ ಕಟ್ಟಿದ ಕೈ

ನಮ್ಮ ಬೀದಿಯ ಸೆಲೂನಿನವನು ಎಡಗೈ ಎತ್ತಿದರೆ ಸೂರ್ಯ ಒಂದು ಗಳಿಗೆ ನಿಂತು ಅಪ್ಪಣೆ ಕೇಳಿ ಮುಂದಕ್ಕೆ ಹೋಗುತ್ತಿದ್ದನಂತೆ. ಎದುರಿನ ಔಷಧಿ ಅಂಗಡಿಯವನು ಆ ಕೈ ನೋಡಿಯೇ ಮಧ್ಯಾಹ್ನದ ಊಟಕ್ಕೆ ಶಟರ್ ಎಳೆಯುತ್ತಿದ್ದ. ಮೂಲೆಯ ಸೈಕಲ್ ರಿಪೇರಿಯವನು ಆಣೆಯಿಟ್ಟು ಹೇಳುವ ಪ್ರಕಾರ, ಒಂದು ದಿನ ಆ ಕೈಯಿಂದ ಚಿಮ್ಮಿದ ಬಿಸಿಲಿನ ತುಣುಕು ಬೀದಿ ದಾಟಿ ಬಂದು ಅವನ ಗಿರಾಕಿಯೊಬ್ಬನ ಕಣ್ಣಿಗೆ ಹೊಡೆದು, ಗಿರಾಕಿ ಆಗಷ್ಟೇ ರಿಪೇರಿಯಾದ ಸೈಕಲ್ ಸಮೇತ ಚರಂಡಿ ಸೇರಿದ್ದ. ಎರಡನೇ ರಿಪೇರಿಗೂ ಅವನೇ ಬಂದದ್ದರಿಂದ ಈ ಕಥೆಯನ್ನು ಹೇಳುವಾಗ ರಿಪೇರಿಯವನ ಮುಖದಲ್ಲಿ ಭಕ್ತಿ ಕಾಣುತ್ತಿತ್ತು.

ಇಷ್ಟೆಲ್ಲ ಪ್ರತಾಪಕ್ಕೆ ಕಾರಣ ಒಂದು ಕೈಗಡಿಯಾರ. ಅದನ್ನು ಕೈಗಡಿಯಾರ ಎನ್ನುವುದು ಆನೆಯನ್ನು ಸಾಕುಪ್ರಾಣಿ ಎಂದ ಹಾಗೆ. ತಪ್ಪೇನಿಲ್ಲ, ಆದರೆ ಕೇಳಿದವರಿಗೆ ಅಂದಾಜು ಸಿಗುವುದಿಲ್ಲ. ಡಬ್ಬಿಯ ಮುಚ್ಚಳದಷ್ಟು ಅಗಲ, ಸುಣ್ಣ ಬಳಿದಂಥ ಬಿಳಿ ಮುಖ, ಅದರ ಮೇಲೆ ಒಂದೊಂದೂ ಜಿರಳೆಯಷ್ಟು ದೊಡ್ಡ ಕಪ್ಪು ಅಂಕಿಗಳು. ಅದನ್ನು ಹೊತ್ತ ಮಣಿಕಟ್ಟಾದರೋ ಎರಡು ಬೆರಳಿನಲ್ಲಿ ಸುತ್ತಿ ಹಿಡಿಯುವಂಥದ್ದು. ಹಡಗಿನ ಕಪ್ತಾನನೊಬ್ಬ ಗಡ್ಡ ಬೋಳಿಸಿದ ಖುಷಿಗೆ ಬಿಚ್ಚಿಕೊಟ್ಟದ್ದು ಎಂದು ಒಂದು ಪಕ್ಷ ಹೇಳುತ್ತಿತ್ತು, ಸಮುದ್ರ ನಮ್ಮಿಂದ ಎಷ್ಟು ದೂರ ಎಂಬುದನ್ನು ಮರೆತು. ಕೈ ನಡುಗದಿರಲಿ ಎಂದು ಭಾರಕ್ಕೆ ಕಟ್ಟಿಕೊಂಡಿದ್ದಾನೆ ಎಂದು ಇನ್ನೊಂದು ಪಕ್ಷ. ಬೀದಿಯವರು ಅವನನ್ನು ಗಂಟೆಯಣ್ಣ ಎಂದು ಕರೆಯುತ್ತಿದ್ದರು. ಗಂಟೆಯಣ್ಣ ಯಾವ ಪಕ್ಷಕ್ಕೂ ಉತ್ತರ ಕೊಟ್ಟವನಲ್ಲ. ಮಾತು ಕಡಿಮೆಯಿರುವ ಕ್ಷೌರಿಕ ಹುಟ್ಟುವುದು ಅಪರೂಪ; ಹುಟ್ಟಿದವನು ನಮ್ಮ ಬೀದಿಗೇ ಬಂದಿದ್ದ. ‘ಹ್ಞೂಂ’, ‘ಹೌದಾ’, ‘ತಲೆ ಬಗ್ಗಿಸಿ’ ಇಷ್ಟರಲ್ಲೇ ಅವನು ಅಂಗಡಿ, ಸಂಸಾರ ಎರಡನ್ನೂ ನಡೆಸಿಕೊಂಡು ಬಂದಿದ್ದ.

ಅಂಗಡಿ ಅಪ್ಪನಿಂದ ಬಂದದ್ದು. ಒಂದು ಕುರ್ಚಿ, ಒಂದು ಕನ್ನಡಿ, ಕಾಯುವವರಿಗೆ ಗೋಡೆಗೆ ಒತ್ತಿದ ಒಂದು ಬೆಂಚು, ಪೌಡರ್ ಬ್ರಷ್ಷು, ಸವೆದು ಸೋಪಿನ ಚೂರಿನಂತಾದ ಪಟಿಕ. ಗೋಡೆಯಲ್ಲಿ ಗಡಿಯಾರಕ್ಕೆಂದು ಹೊಡೆದ ಮೊಳೆಯಿತ್ತು, ಗಡಿಯಾರ ಇರಲಿಲ್ಲ. ಅದನ್ನು ಇಳಿಸಿದವನು ಅಪ್ಪ. ಬೆಂಚಿನವರು ಗಡಿಯಾರ ನೋಡಿದರೆ ಎಷ್ಟು ಹೊತ್ತಿನಿಂದ ಕೂತಿದ್ದೇವೆಂದು ಲೆಕ್ಕ ಹಾಕಿ ಎದ್ದು ಹೋಗುತ್ತಾರೆ ಎಂಬುದು ಆ ಹಿರಿಯನ ಜೀವಮಾನದ ತಪಸ್ಸಿನ ಫಲ.

ಆದರೆ ಕುರ್ಚಿಯವನ ಪಾಡು ಬೇರೆ. ಕತ್ತಿನವರೆಗೆ ಬಟ್ಟೆ ಸುತ್ತಿ ಗಂಟು ಹಾಕಿದ ಮೇಲೆ ಅವನ ಎರಡು ಕೈಯೂ ಒಳಗೆ ಸೆರೆ. ಸ್ವಂತ ವಾಚೂ ಒಳಗೆ, ಜೇಬಿನ ಫೋನೂ ಒಳಗೆ. ಹೊರಗೆ ಉಳಿದದ್ದು ತಲೆಯೊಂದೇ, ಅದೂ ಇನ್ನೊಬ್ಬರ ಸುಪರ್ದಿನಲ್ಲಿ. ಅಂಥವನಿಗೆ ಎದುರಿನ ಕನ್ನಡಿಯಲ್ಲಿ, ಬಾಚಣಿಗೆ ಹಿಡಿದ ಎಡಗೈಯ ಜೊತೆ, ಆ ಬಿಳಿ ಮುಖ ಹುಣ್ಣಿಮೆಯ ಚಂದ್ರನಂತೆ ನೆತ್ತಿಯ ಮೇಲೆ ಉದಯಿಸಿ ಕಿವಿಯ ಹಿಂದೆ ಮುಳುಗುತ್ತಿತ್ತು. ಕನ್ನಡಿಯಲ್ಲಿ ಅಂಕಿಗಳೆಲ್ಲ ಉಲ್ಟಾ, ಮುಳ್ಳು ಹಿಂದಕ್ಕೆ ಓಡುತ್ತಿತ್ತು; ಹಳಬರಿಗೆ ಅದೂ ರೂಢಿಯಾಗಿತ್ತು. ನಿವೃತ್ತ ಮೇಷ್ಟ್ರೊಬ್ಬರಿಗೆ ಎಷ್ಟು ರೂಢಿಯಾಗಿತ್ತೆಂದರೆ, ಮನೆಯ ಗೋಡೆ ಗಡಿಯಾರವನ್ನು ನೇರವಾಗಿ ನೋಡಿದಾಗ ಅರೆಕ್ಷಣ ತಡವರಿಸುತ್ತಿದ್ದರು.

ಗಂಟೆಯಣ್ಣನ ಹೆಂಡತಿ ಪೇಟೆಯ ಕನ್ನಡಕದ ಅಂಗಡಿಯಲ್ಲಿ ಕೆಲಸಕ್ಕಿದ್ದಳು. ಯಾವ ಮುಖಕ್ಕೆ ಯಾವ ಫ್ರೇಮ್ ಒಪ್ಪುತ್ತದೆಂದು ಹೇಳುವುದರಲ್ಲಿ ಎತ್ತಿದ ಕೈ. ಸಣ್ಣ ಮುಖದವರು ದೊಡ್ಡ ಕನ್ನಡಕ ಎತ್ತಿಕೊಂಡರೆ ಅವಳು ಮೃದುವಾಗಿ ಕಿತ್ತು ಪಕ್ಕಕ್ಕಿಟ್ಟು, “ನಿಮ್ಮನ್ನ ನೋಡಬೇಕು ಜನ, ಇದನ್ನಲ್ಲ” ಎನ್ನುತ್ತಿದ್ದಳು. ದಿನವಿಡೀ ಅಂಥ ಧರ್ಮಕಾರ್ಯ ಮಾಡಿ ಮನೆಗೆ ಬಂದರೆ ಕಣ್ಣಿಗೆ ಬೀಳುತ್ತಿದ್ದದ್ದು ಗಂಡನ ಕೈಯ ಆ ಮುಚ್ಚಳ.

ಹೇಗೋ ಸಹಿಸಿಕೊಂಡಿದ್ದಳು. ಒಂದು ಭಾನುವಾರ ಅವಳ ಅಕ್ಕನ ಮನೆಯಲ್ಲಿ ಎಲ್ಲರೂ ಊಟಕ್ಕೆ ಸೇರಿದಾಗ ಕಟ್ಟೆ ಒಡೆಯಿತು. ಗಂಟೆಯಣ್ಣ ನೀರಿನ ಲೋಟಕ್ಕೆ ಕೈ ಚಾಚಿದ. ಅಕ್ಕ ಬಡಿಸುವುದನ್ನು ನಿಲ್ಲಿಸಿ ತಂಗಿಯ ಕಡೆ ತಿರುಗಿದಳು.

“ಅಲ್ಲ ಕಣೇ, ನಿನ್ನ ಗಂಡ ಕೈಗೆ ಗಡಿಯಾರ ಕಟ್ಟಿದ್ದಾನೋ, ಗಡಿಯಾರಕ್ಕೆ ಕೈ ಕಟ್ಟಿದ್ದಾನೋ?”

ಅಕ್ಕನ ಗಂಡ, ಅಂದರೆ ಗಂಟೆಯಣ್ಣನ ಷಡ್ಡಕ, ಬಸ್ಸುಗಳಲ್ಲಿ ಟಿಕೆಟ್ ತಪಾಸಣೆ ಮಾಡುವವನು. ತಪ್ಪು ಸಿಕ್ಕಿದರೆ ಬಿಡುವ ಜಾತಿಯೇ ಅಲ್ಲ.

“ಜೋಪಾನ ಕಣಯ್ಯ, ಜೋರು ಗಾಳಿ ಬಂದ್ರೆ ಗಡಿಯಾರ ಇಲ್ಲೇ ಇರುತ್ತೆ, ನೀನು ಹಾರಿಹೋಗ್ತೀಯ!”

ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಗಂಟೆಯಣ್ಣನೂ ನಕ್ಕ. ಹೆಂಡತಿಯೂ ನಕ್ಕಳು, ಆದರೆ ಮನೆಗೆ ಬರುವ ದಾರಿಯುದ್ದಕ್ಕೂ ಗಡಿಯಾರ ಕಣ್ಣಿಗೆ ಬೀಳದಂತೆ ಗಂಡನ ಬಲಗಡೆಯೇ ನಡೆದಳು.

ಮುಂದಿನ ಸಂಬಳ ಬಂದ ಸಂಜೆ ಅವಳು ಒಂದು ಪುಟ್ಟ ಪೆಟ್ಟಿಗೆ ತಂದಳು. ಒಳಗೆ ನಾಣ್ಯದಗಲದ ವಾಚು. ತೆಳ್ಳನೆಯ ಕಂದು ಚರ್ಮದ ಪಟ್ಟಿ, ಅಂಕಿಗಳ ಜಾಗದಲ್ಲಿ ಕೂದಲೆಳೆಯಂಥ ಗೆರೆಗಳು. ತಾನೇ ಗಂಡನ ಕೈಗೆ ಕಟ್ಟಿ, ಫ್ರೇಮ್ ತೊಡಿಸಿದ ಮೇಲೆ ನೋಡುವಂತೆ ಎರಡು ಹೆಜ್ಜೆ ಹಿಂದೆ ಸರಿದು ನೋಡಿದಳು.

“ಚೆನ್ನಾಗಿದೆಯಾ?”

“ಚೆನ್ನಾಗಿದೆ.”

ಸತ್ಯಕ್ಕೆ ಅಪಚಾರವಾಗಬಾರದು, ಅದು ನಿಜಕ್ಕೂ ಚೆನ್ನಾಗಿತ್ತು. ಇಷ್ಟು ವರ್ಷ ಮುಚ್ಚಳದ ಅಡಿಯಲ್ಲಿ ಅಡಗಿದ್ದ ಕೈ ಮೊದಲ ಸಲ ಕೈಯಂತೆ ಕಂಡಿತು. ನೀಳ ಬೆರಳುಗಳಿಗೆ ಎಲ್ಲಿಂದಲೋ ಒಂದು ಗಾಂಭೀರ್ಯ ಬಂತು. ಹೆಂಡತಿಗೆ ಹೊಟ್ಟೆ ತುಂಬಿತು. ಅಂದಿನಿಂದ ದಿನಾ ಬೆಳಿಗ್ಗೆ ಅಂಗಡಿಗೆ ಹೊರಡುವ ಮುಂಚೆ ಅವನು ಕೈ ಚಾಚುವುದು, ಅವಳು ಬಕಲ್ ಹಾಕಿ “ಚೆನ್ನಾಗಿದೆಯಾ?” ಎನ್ನುವುದು, ಅವನು “ಚೆನ್ನಾಗಿದೆ” ಎನ್ನುವುದು ಆ ಮನೆಯ ಪದ್ಧತಿಯಾಯಿತು. ಮದುವೆಯಾದ ಹೊಸದರಲ್ಲೂ ಇಬ್ಬರ ನಡುವೆ ಇಷ್ಟು ಮಾತು ನಡೆದಿರಲಿಲ್ಲ.

ಅಂಗಡಿಯಲ್ಲಿ ಮಾತ್ರ ಪ್ರಳಯ. ಕುರ್ಚಿಯವರು ಕನ್ನಡಿಯಲ್ಲಿ ಚಂದ್ರನನ್ನು ಹುಡುಕಿದರು. ಅಲ್ಲೊಂದು ಇರುವೆಯ ಕಣ್ಣು ಮಿನುಗಿ ಮಾಯವಾಗುತ್ತಿತ್ತು. ಅಂದಮೇಲೆ ಮನುಷ್ಯ ಏನು ಮಾಡುತ್ತಾನೆ? ತಲೆ ತಿರುಗಿಸುತ್ತಾನೆ. ಇಲ್ಲವೇ ಬಟ್ಟೆಯಡಿಯಿಂದ ಕೈ ಮೇಲೆತ್ತುತ್ತಾನೆ. ಬಟ್ಟೆ ಡೇರೆಯಂತೆ ಎದ್ದು ಕತ್ತರಿಸಿದ ಕೂದಲೆಲ್ಲ ಅವನ ಕೊರಳೊಳಗೇ ಇಳಿಯುತ್ತದೆ. ಔಷಧಿ ಅಂಗಡಿಯವನು ಮೈ ತುರಿಸಿಕೊಳ್ಳುತ್ತಾ ಹೋಗಿ ತನ್ನ ಅಂಗಡಿಯ ಮುಲಾಮನ್ನೇ ಹಚ್ಚಿಕೊಂಡ. ಇಬ್ಬರು ಹಳೆಯ ಗಿರಾಕಿಗಳು ಹೇಳದೆ ಕೇಳದೆ ಪಕ್ಕದ ಬೀದಿಯ ಗಾಜಿನ ಬಾಗಿಲಿನ ಸೆಲೂನಿಗೆ ಪಕ್ಷಾಂತರ ಮಾಡಿದರು. ಕೊನೆಗೆ ಮೇಷ್ಟ್ರ ಸರದಿ ಬಂತು.

“ಟೈಮೆಷ್ಟಯ್ಯಾ?” ಎನ್ನುತ್ತಾ ಅವರು ತಿರುಗುವುದಕ್ಕೂ, ಗಂಟೆಯಣ್ಣ “ತಲೆ…” ಎನ್ನುವುದಕ್ಕೂ, ಕತ್ತರಿ ಕಿವಿಯ ತುದಿ ಮುಟ್ಟುವುದಕ್ಕೂ ಸರಿಹೋಯಿತು.

ಪಟಿಕ ಒತ್ತಿಸಿಕೊಳ್ಳುತ್ತಾ ಮೇಷ್ಟ್ರು ನರಳಿದರು. “ಅಷ್ಟೊಂದು ಹುಡುಗರ ಕಿವಿ ಹಿಂಡಿದ್ದೀನಿ ಕಣಯ್ಯ. ಅವರೆಲ್ಲರ ಪರವಾಗಿ ನೀನು ಸೇಡು ತೀರಿಸ್ಕೊಂಡ್ಯಾ?”

ದೊಡ್ಡ ವಾಚು ಇಷ್ಟು ದಿನ ಏನು ಕೆಲಸ ಮಾಡುತ್ತಿತ್ತೆಂದು ಬೀದಿಗೆ ಆಗ ತಿಳಿಯಿತು. ಅದು ಗಿರಾಕಿಗಳ ತಲೆಯನ್ನು ನೆಟ್ಟಗೆ ನಿಲ್ಲಿಸುತ್ತಿತ್ತು, ಅಷ್ಟೆ.

ಮರುದಿನದಿಂದ ಗಂಟೆಯಣ್ಣ ಗೂಢಚಾರನಾದ. ಮನೆಯಿಂದ ಸಣ್ಣ ವಾಚು ಕಟ್ಟಿಕೊಂಡು ಹೊರಡುವುದು, ಅಂಗಡಿಯ ಮೇಜಿನ ಖಾನೆಯಲ್ಲಿ ಅದನ್ನಿಟ್ಟು ದೊಡ್ಡದನ್ನು ಕಟ್ಟುವುದು, ಸಂಜೆ ಮತ್ತೆ ಅದಲು ಬದಲು. ಚಂದ್ರ ಮರಳಿ ಉದಯಿಸಿದ. ಪಕ್ಷಾಂತರಿಗಳು ಗಾಜಿನ ಬಾಗಿಲಿನ ದರಕ್ಕೆ ಬೆಚ್ಚಿ ವಾಪಸು ಬಂದರು. ಎಲ್ಲ ಸುಸೂತ್ರವಾಗಿಯೇ ಇರುತ್ತಿತ್ತು, ಷಡ್ಡಕನ ಗಡ್ಡ ಬೆಳೆಯದಿದ್ದರೆ. ಅವನು ಗಡ್ಡ ಬೋಳಿಸಿಕೊಳ್ಳಲು ಬಂದ, ಕನ್ನಡಿಯಲ್ಲಿ ಕಂಡದ್ದನ್ನು ಟಿಕೆಟ್ ಇಲ್ಲದ ಪ್ರಯಾಣಿಕನನ್ನು ಹಿಡಿದಂತೆ ಕಣ್ಣಲ್ಲೇ ಹಿಡಿದುಕೊಂಡು ಮನೆಗೆ ಹೋಗಿ ಹೆಂಡತಿಗೆ ಒಪ್ಪಿಸಿದ. ಅಕ್ಕ ತಂಗಿಗೆ ಫೋನು ಮಾಡಿದಳು.

ತಂಗಿ ಜಗಳವಾಡಿದ್ದರೆ ವಾಸಿಯಿತ್ತು. ಮರುದಿನ ಬೆಳಿಗ್ಗೆ ಗಂಟೆಯಣ್ಣ ಎಂದಿನಂತೆ ಕೈ ಚಾಚಿ ನಿಂತ. ಅವಳು ಆ ಕೈಯನ್ನು ಬಾಗಿಲ ಚಿಲಕದಂತೆ ದಾಟಿಕೊಂಡು ಅಡುಗೆಮನೆಗೆ ಹೋದಳು. ಅದರ ಮರುದಿನವೂ ಹಾಗೇ. ತಾನು ಆರಿಸಿದ್ದು ಗಂಡನಿಗೆ ಒಪ್ಪಿಗೆಯಾಗಲಿಲ್ಲ, ಬೆಳಿಗ್ಗೆ ಬೆಳಿಗ್ಗೆ ಸುಳ್ಳೇ ‘ಚೆನ್ನಾಗಿದೆ’ ಎಂದಿದ್ದಾನೆ ಎಂಬುದು ಅವಳ ಸಂಕಟ. ಮಾತು ಕಡಿಮೆಯ ಮನೆಯಲ್ಲಿ ಮಾತು ಬಿಟ್ಟದ್ದು ಹೊರಗಿನವರಿಗೆ ಗೊತ್ತಾಗುವುದಿಲ್ಲ. ಗಂಟೆಯಣ್ಣನಿಗೆ ಗೊತ್ತಾಯಿತು, ಅವನ ‘ಹ್ಞೂಂ’ ಸಹ ಅರ್ಧಕ್ಕಿಳಿಯಿತು.

ವಾರದ ಕೊನೆಯಲ್ಲಿ, ಊಟದ ಬಿಡುವಿನ ಹೊತ್ತಿಗೆ, ಅವಳು ಸೀದಾ ಸೆಲೂನಿಗೆ ಬಂದಳು. ಬೆಂಚಿನ ಮೇಲೆ ಮೇಷ್ಟ್ರೂ ಸೈಕಲ್ ರಿಪೇರಿಯವನೂ ಇದ್ದರು. ಇಬ್ಬರೂ ಸರಿದು ಜಾಗ ಮಾಡಿದರು. ಅವಳು ಬೆಂಚಿಗೆ ಬರಲಿಲ್ಲ, ಕುರ್ಚಿಯಲ್ಲಿ ಕೂತಳು.

“ರೀ, ಕೂದಲ ತುದಿ ಸ್ವಲ್ಪ ಸಮ ಮಾಡಿ. ಅದಕ್ಕೆ ಮುಂಚೆ ಆ ಮುಚ್ಚಳ ಬಿಚ್ಚಿ.”

ಬಿಚ್ಚಿದ. ಅವಳೇ ಖಾನೆಯಿಂದ ಸಣ್ಣ ವಾಚು ತೆಗೆದು ಅವನ ಕೈಗೆ ಕಟ್ಟಿದಳು.

“ಇದನ್ನ ಕಟ್ಕೊಂಡೇ ಕತ್ತರಿಸಿ. ಅದೇನು ಆಕಾಶ ಬೀಳುತ್ತೋ ನೋಡೇಬಿಡೋಣ.”

ಮೇಷ್ಟ್ರ ಕೈ ತಾನಾಗಿ ಕಿವಿಗೆ ಹೋಯಿತು.

ಗಂಟೆಯಣ್ಣ ಬಟ್ಟೆ ಸುತ್ತಿ, ನೀರು ಸಿಂಪಡಿಸಿ, ಬಾಚಿ, ಶುರು ಮಾಡಿದ. ಹೆಂಡತಿ ಶಿಲೆಯಂತೆ ಕೂತಳು. ಆದರೆ ಶಿಲೆಗಳಿಗೆ ಊಟದ ಬಿಡುವು ಮುಗಿಯುವುದಿಲ್ಲ, ಇವಳಿಗೆ ಮುಗಿಯುತ್ತಿತ್ತು. ಕನ್ನಡಕದ ಅಂಗಡಿಯ ಯಜಮಾನ ಬಾಗಿಲಲ್ಲೇ ನಿಂತು ಕಾಯುವ ಆಸಾಮಿ. ಅವಳು ಕನ್ನಡಿಯಲ್ಲಿ ಗಂಡನ ಕೈ ನೋಡಿದಳು. ಏನೋ ಮಿನುಗಿತು, ಹೋಯಿತು. ಕಣ್ಣು ಕಿರಿದು ಮಾಡಿದಳು. ಮತ್ತೆ ಮಿನುಗಿತು. ಊರಿಗೆಲ್ಲ ಅಕ್ಷರದ ಹಲಗೆ ತೋರಿಸಿ ‘ಕೆಳಗಿನ ಸಾಲು ಓದಿ’ ಎನ್ನುವವಳಿಗೆ ಗಂಡನ ಕೈಯ ಗೆರೆಗಳನ್ನು ಓದಲಾಗಲಿಲ್ಲ. ಹಟ ಹಿಡಿದು ಕುತ್ತಿಗೆ ಬಿಗಿದಳು. ಕುತ್ತಿಗೆ ಅವಳ ಮಾತು ಕೇಳಲಿಲ್ಲ.

ಕಚಕ್.

ಗೇಣುದ್ದದ ಕೂದಲಿನ ಒಂದು ಗೊಂಚಲು ಬಟ್ಟೆಯ ಮೇಲೆ ಬಂದು ಮಲಗಿತು. ಸೈಕಲ್ ರಿಪೇರಿಯವನಿಗೆ ಹಠಾತ್ತನೆ ಅಂಗಡಿಯ ನೆನಪಾಯಿತು. ಮೇಷ್ಟ್ರು ಮಾತ್ರ ಕದಲಲಿಲ್ಲ. ಇನ್ನೊಬ್ಬರ ಪರೀಕ್ಷೆಯ ಫಲಿತಾಂಶ ನೋಡದೆ ಎದ್ದು ಹೋಗುವ ಅಭ್ಯಾಸ ಅವರಿಗಿರಲಿಲ್ಲ.

ಅವಳು ಬಟ್ಟೆಯಡಿಯಿಂದ ಕೈ ತೆಗೆದು ಗೊಂಚಲನ್ನು ಎತ್ತಿ ನೋಡಿದಳು. ಆಮೇಲೆ ಗಂಡನ ಕೈ ಎಳೆದುಕೊಂಡು ಸಣ್ಣ ವಾಚು ಬಿಚ್ಚಿದಳು, ದೊಡ್ಡದನ್ನು ಕಟ್ಟಿದಳು. ಬಕಲ್ ಬಿಗಿಯಾಗಿಯೇ ಬಿತ್ತು.

“ಇದು ಅಂಗಡಿಗೆ, ಅದು ಅಕ್ಕನ ಮನೆಗೆ. ತಿಳೀತಾ?”

“ಹ್ಞೂಂ.”

“ಅಲ್ಲ ರೀ, ಹೀಗೆ ಕದ್ದು ಮುಚ್ಚಿ ಬದಲಾಯಿಸೋದಕ್ಕಿಂತ ಇದಾಗಲ್ಲ ಅಂತ ಬಾಯಿಬಿಟ್ಟು ಹೇಳೋಕೆ ಏನಾಗಿತ್ತು ನಿಮಗೆ? ದಿನಾ ಬೆಳಿಗ್ಗೆ ನಾನು ಕೇಳ್ತಿರಲಿಲ್ವಾ?”

ಗಂಟೆಯಣ್ಣ ಕತ್ತರಿಗೆ ಅಂಟಿದ ಕೂದಲು ಒರೆಸಿದ.

“ನೀನು ಕೇಳ್ತಿದ್ದದ್ದು ಚೆನ್ನಾಗಿದೆಯಾ ಅಂತ. ಚೆನ್ನಾಗೇ ಇದೆಯಲ್ಲ.”